ಮರಳುಗಾಡಿಗೆ ಸ್ವೆಟರ್

ದುಬೈಗೆ ಹೊರಟವರ ಚೀಲದಲ್ಲಿ ಸ್ವೆಟರ್ ಇರಬೇಕು. ಡಿಸೆಂಬರಿನಲ್ಲಿ ಹೋದರೆ ಇಲ್ಲದಿದ್ದರೂ ನಡೆದೀತು. ಜೂನಿನಲ್ಲಿ ಹೋದರೆ ಮಾತ್ರ ಬೇಕೇ ಬೇಕು. ಹೋಗಿ ಬಂದವರೆಲ್ಲ ಇದನ್ನು ಹೇಳುತ್ತಾರೆ. ಕೇಳಿಸಿಕೊಂಡವರು ತಮಾಷೆ ಅಂದುಕೊಳ್ಳುತ್ತಾರೆ.

ನಾವು ಕಲಬುರಗಿಯವರು. ಬಿಸಿಲಿನ ಮಾತು ಬಂದರೆ ನಮಗೆ ಒಂಚೂರು ಜಂಬ. ಮೇ ತಿಂಗಳಲ್ಲಿ ನಮ್ಮೂರು 43 ಡಿಗ್ರಿ ಮುಟ್ಟುತ್ತದೆ. ಬೆಂಗಳೂರಿನವರು 36ಕ್ಕೇ ಉಸ್ಸಪ್ಪಾ ಅನ್ನುವುದನ್ನು ಟಿವಿಯಲ್ಲಿ ನೋಡಿ ನಗುವ ಜನ ನಾವು. ಹಾಗಾಗಿ ದುಬೈಯಲ್ಲಿ ನೌಕರಿಗಿರುವ ತಮ್ಮ, "ಅಣ್ಣಾ, ಜೂನ್‌ದಾಗ ಬರಬ್ಯಾಡ, ಡಿಸೆಂಬರ್‌ಗೆ ಬಾ" ಅಂದರೂ ನಾವು ಜೂನಿಗೇ ಹೊರಟೆವು. ಟಿಕೆಟ್ಟೂ ಆಗ ಅಗ್ಗ ಇತ್ತು ಅನ್ನಿ.

ಬಿಸಿಲೇನೋ ಹೊಸದಲ್ಲ. ಹೊಸದು ಅಲ್ಲಿನ ಗಾಳಿ. ನಮ್ಮದು ಒಣ ಬಿಸಿಲು. ಬೆವರು ಬಂದಹಾಗೇ ಆರುತ್ತದೆ, ಆರುವಾಗ ಮೈಯ ಬಿಸಿಯನ್ನು ಒಯ್ಯುತ್ತದೆ. ಮನೆಮನೆಯ ಕೂಲರ್ ನಡೆಯುವುದೂ ಇದೇ ಲೆಕ್ಕದ ಮೇಲೆ. ದುಬೈ ಮರಳುಗಾಡಿನ ಊರು ನಿಜ, ಆದರೆ ಸಮುದ್ರದ ದಂಡೆಯ ಊರೂ ಹೌದು. ಬೇಸಿಗೆಯಲ್ಲಿ ಆ ಸಮುದ್ರವೇ ಬೆಚ್ಚಗಾಗಿ, ಅರ್ಧ ನೀರು ಗಾಳಿಯಲ್ಲೇ ನಿಂತಹಾಗೆ ಇರುತ್ತದೆ. ಬೆವರು ಆರುವ ಮಾತೇ ಇಲ್ಲ. ಎಸಿ ಕಟ್ಟಡದಿಂದ ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ. ಒರೆಸಿ ಹಾಕಿಕೊಂಡರೆ ಮತ್ತೆ ಮಂಜು. ನಮ್ಮೂರಿನ ಕೂಲರ್ ಒಯ್ದು ಅಲ್ಲಿ ಇಟ್ಟರೆ ಸದ್ದು ಮಾಡೀತು, ಅಷ್ಟೇ.

ಭಾನುವಾರ ಊರು ತೋರಿಸುತ್ತೇನೆ ಅಂತ ತಮ್ಮ ಒಂದು ಪಟ್ಟಿ ಮಾಡಿದ್ದ. ದುಬೈ ಇರುವ ಯುಎಇ ದೇಶದಲ್ಲಿ 2022ರಿಂದ ಶನಿವಾರ, ಭಾನುವಾರ ರಜೆ. ಪಟ್ಟಿ ನೋಡಿ ನನಗೆ ನಗು ಬಂತು. ಯಾವ ಜಾಗ ಎಷ್ಟು ಚೆಂದ, ಎಷ್ಟು ಹೆಸರುವಾಸಿ ಅನ್ನುವುದು ಅದರಲ್ಲಿ ಇರಲೇ ಇಲ್ಲ. ಯಾವ ಹೊತ್ತಿಗೆ ಎಲ್ಲಿ ನೆರಳು, ಎಲ್ಲಿಂದ ಎಲ್ಲಿಗೆ ಎಸಿ ಬಿಡದೆ ಹೋಗಬಹುದು, ಇಷ್ಟೇ. ಬೆಳಿಗ್ಗೆ ಒಂಬತ್ತೂವರೆಯೊಳಗೆ ಬಯಲಿನ ಕೆಲಸ ಮುಗಿಸಬೇಕು. ಆಮೇಲೆ ಸಂಜೆ ತನಕ ಗಾಜಿನ ಒಳಗೆ.

ಮೊದಲು ಹೋದದ್ದು ಅಲ್ ಫಹೀದಿ ಅನ್ನುವ ಹಳೇ ಕೇರಿಗೆ. ಇರಾನಿನ ಬಸ್ತಾಕ್ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿಕೊಂಡ ಮನೆಗಳು. ಸಮುದ್ರದ ಹವಳದ ಕಲ್ಲು, ಜಿಪ್ಸಮ್ ಗಾರೆ, ಖರ್ಜೂರದ ಮರದ ತೊಲೆ. ಓಣಿಗಳು ಬಹಳ ಇಕ್ಕಟ್ಟು. ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು. ಇಕ್ಕಟ್ಟು ಇರುವುದೇ ನೆರಳಿಗಾಗಿ. ಒಂದು ಗೋಡೆಯ ನೆರಳು ಎದುರಿನ ಗೋಡೆ ತನಕ ಬೀಳಬೇಕು, ಅದು ಲೆಕ್ಕ.

ಮನೆಗಳ ಮೇಲೆ ಚೌಕಾಕಾರದ ಗೋಪುರ. ಬರ್ಜೀಲ್ ಅನ್ನುತ್ತಾರೆ. ನಾಲ್ಕೂ ಕಡೆ ತೆರೆದಿರುತ್ತದೆ. ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಗೋಡೆ. ಗಾಳಿ ಯಾವ ಕಡೆಯಿಂದ ಬಂದರೂ ಆ ಗೋಡೆಗೆ ತಾಗಿ ಕೆಳಗಿನ ಕೋಣೆಗೆ ಇಳಿಯುತ್ತದೆ, ಒಳಗಿನ ಬಿಸಿಗಾಳಿ ಇನ್ನೊಂದು ಕಡೆಯಿಂದ ಮೇಲಕ್ಕೆ ಹೋಗುತ್ತದೆ. ಕರೆಂಟಿಲ್ಲ, ಬಿಲ್ಲಿಲ್ಲ, ಸದ್ದಿಲ್ಲ. ನಾನು ಒಂದರ ಕೆಳಗೆ ನಿಂತು ನೋಡಿದೆ. ಫ್ಯಾನಿನ ಗಾಳಿಯಂತೂ ಅಲ್ಲ. ಆದರೆ ಕುತ್ತಿಗೆಯ ಹಿಂದೆ ಏನೋ ಓಡಾಡುತ್ತದೆ. ಅಷ್ಟು ಸಾಕು ಅನ್ನಿಸುತ್ತದೆ. ಬಡವರಿಗೆ ಇಷ್ಟೂ ಇರಲಿಲ್ಲ. ಖರ್ಜೂರದ ಗರಿಯ ಗುಡಿಸಲು ಅವರದು, ಸಂದಿಸಂದಿನಿಂದ ಗಾಳಿ ಬರುವಂಥದ್ದು. ಈ ಕೇರಿಯ ಅರ್ಧದಷ್ಟು ಮನೆಗಳನ್ನು 1980ರ ದಶಕದಲ್ಲಿ ಕೆಡವಿಬಿಟ್ಟರು. ಉಳಿದದ್ದನ್ನು ಆಮೇಲೆ ರಿಪೇರಿ ಮಾಡಿ ಇಟ್ಟುಕೊಂಡಿದ್ದಾರೆ. ಈಗ ಆ ಮನೆಗಳ ಒಳಗೆ ಕಾಫಿ ಅಂಗಡಿ, ಚಿತ್ರದ ಗ್ಯಾಲರಿ. ಗಾಳಿಗೋಪುರ ಮೇಲೆ ಇದ್ದಹಾಗೇ ಇದೆ. ಅಂಗಡಿಯ ಬಾಗಿಲಿಗೆ ಮಾತ್ರ "ಎಸಿ ಇದೆ, ದಯವಿಟ್ಟು ಮುಚ್ಚಿ" ಅನ್ನುವ ಅರ್ಥದ ಚೀಟಿ.

ಅಲ್ಲಿಂದ ನಾಲ್ಕು ಹೆಜ್ಜೆ ಇಟ್ಟರೆ ಕ್ರೀಕ್. ಊರಿನ ಒಳಗೆ ನುಗ್ಗಿದ ಸಮುದ್ರದ ಕೈ ಅದು. ಈಚೆ ಬರ್ ದುಬೈ, ಆಚೆ ದೇರಾ. ದಾಟಲು ಅಬ್ರಾ ಅನ್ನುವ ಮರದ ದೋಣಿ. ಒಂದು ದಿರ್ಹಾಂ. ನಡುವೆ ಬೆಂಚು, ಬೆನ್ನಿಗೆ ಬೆನ್ನು ಕೊಟ್ಟು ನೀರಿನ ಕಡೆ ಮುಖ ಮಾಡಿ ಕೂರಬೇಕು. ಕಟಕಟೆ ಕೂಡ ಇಲ್ಲ. ಇಡೀ ದಿನದಲ್ಲಿ ನನಗೆ ಅತಿ ಇಷ್ಟವಾದ ಸವಾರಿ ಇದೇ. ಗಾಳಿ ಸುಮ್ನೆ ಗಾಳಿಯಾಗಿಯೇ ಬರುತ್ತಿತ್ತು. ಪಕ್ಕದಲ್ಲಿ ಕೂತವರೊಬ್ಬರು ಮಲಯಾಳಿ, ಇನ್ನೊಬ್ಬರು ಪಠಾಣ, ಎದುರಿಗೆ ಫಿಲಿಪೀನ್ಸಿನ ಹೆಣ್ಣುಮಕ್ಕಳು. ದೋಣಿ ನಡೆಸುವವನು ಕಾಲಿನಿಂದ ಚುಕ್ಕಾಣಿ ತಿರುಗಿಸುತ್ತ ಕೈಯಲ್ಲಿ ಚಿಲ್ಲರೆ ಎಣಿಸುತ್ತಿದ್ದ.

ಚಿಲ್ಲರೆ ಅಂದಾಗ ನೆನಪಾಯಿತು. ಒಂದು ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. ಚಿನ್ನದ ಕಳ್ಳಸಾಗಣೆ ಜಾಸ್ತಿಯಾಯಿತು ಅಂತ 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗಾಗಿಯೇ ಬೇರೆ ಬಣ್ಣದ ಗಲ್ಫ್ ರೂಪಾಯಿ ಮಾಡಿಕೊಟ್ಟಿತು. 1966ರಲ್ಲಿ ನಾವು ರೂಪಾಯಿಯ ಬೆಲೆ ಇಳಿಸಿದೆವು. ದುಬೈಯವರು ಅದನ್ನು ಕೈಬಿಟ್ಟರು. ಅದೇ ವರ್ಷ ಅವರಿಗೆ ಸಮುದ್ರದಲ್ಲಿ ಎಣ್ಣೆಯೂ ಸಿಕ್ಕಿತು. ಈಗ ನಾವು ಅಲ್ಲಿ ನೀರಿನ ಬಾಟಲಿ ಕೊಳ್ಳುವಾಗಲೂ ಬಾಯಲ್ಲೇ ಮಗ್ಗಿ ಹೇಳಿಕೊಳ್ಳುತ್ತೇವೆ.

ದೇರಾ ದಂಡೆಯಲ್ಲಿ ಮರದ ದೊಡ್ಡ ಮಂಜಿಗಳು, ಅಂದರೆ ಸರಕಿನ ಹಡಗುಗಳು, ಸಾಲಾಗಿ ನಿಂತಿದ್ದವು. ಇರಾನಿಗೂ ಸೋಮಾಲಿಯಾಕ್ಕೂ ಹೋಗುವಂಥವು. ದಂಡೆಯ ಮೇಲೆ ಟೈರು, ಫ್ರಿಜ್ಜು, ಎಸಿ ಪೆಟ್ಟಿಗೆಗಳು ಬಯಲಲ್ಲೇ ರಾಶಿ ಬಿದ್ದಿದ್ದವು. ಕಾಯುವವರು ಯಾರೂ ಕಾಣಲಿಲ್ಲ. ಸಂಬಾರ ಪೇಟೆ, ಚಿನ್ನದ ಪೇಟೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಲಕ್ಕಿ, ಕೇಸರಿ, ಒಣಗಿದ ನಿಂಬೆಕಾಯಿ. ಚಿನ್ನದ ಪೇಟೆಯಲ್ಲಿ ಐವತ್ತು ಕಿಲೋಗೂ ಮೀರಿದ ಒಂದು ಉಂಗುರ ಇಟ್ಟಿದ್ದಾರೆ, ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೆಗೆಣ್ಣಿಯರಿಬ್ಬರೂ ಅಂದಿನ ದರ ಕೇಳಿದರು, ಕಲಬುರಗಿಯ ದರ ನೆನಪು ಮಾಡಿಕೊಂಡರು, ಮಜೂರಿ ಎಷ್ಟು ಅಂತ ಚೌಕಾಸಿ ಮಾಡಿದರು, ಏನೂ ಕೊಳ್ಳದೆ ಬಂದರು. ನಾನೂ ತಮ್ಮನೂ ನೆಮ್ಮದಿಯಿಂದ ಮೆಟ್ರೋ ಕಡೆ ಹೆಜ್ಜೆ ಹಾಕಿದೆವು.

ಸ್ವೆಟರ್ ಹೊರಬಂದದ್ದು ಮೆಟ್ರೋದಲ್ಲಿ. ಈ ರೈಲಿಗೆ ಡ್ರೈವರ್ ಇಲ್ಲ. 2009ರ ಸೆಪ್ಟೆಂಬರ್ 9ರಂದು ಶುರು ಮಾಡಿದರು, ಒಂಬತ್ತರ ಮೇಲೆ ಅಷ್ಟು ಪ್ರೀತಿ. ಪ್ಲಾಟ್‌ಫಾರ್ಮಿಗೂ ಗಾಜಿನ ಬಾಗಿಲು, ತಂಪು ಹೊರಗೆ ಹೋಗದಹಾಗೆ. ಒಳಗೆ ತಿಂದರೂ ಕುಡಿದರೂ 100 ದಿರ್ಹಾಂ ದಂಡ. ನನ್ನ ಹೆಂಡತಿ ಚೀಲದಲ್ಲಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಇನ್ನಷ್ಟು ಒಳಕ್ಕೆ ತಳ್ಳಿದಳು. ಬಸ್‌ಸ್ಟಾಪುಗಳಿಗೂ ಎಸಿ ಹಾಕಿದ್ದಾರೆ. ಗಾಜಿನ ಪೆಟ್ಟಿಗೆಯ ಒಳಗೆ ಜನ ಬಸ್ಸಿಗೆ ಕಾಯುತ್ತಿರುತ್ತಾರೆ, ರಸ್ತೆಯಲ್ಲಿ ನರಪಿಳ್ಳೆ ಇರುವುದಿಲ್ಲ.

ದುಬೈ ಮಾಲ್ ಸ್ಟೇಷನ್ನಿನಲ್ಲಿ ಇಳಿದರೆ ಮಾಲ್ ತನಕ ಹತ್ತಿರ ಹತ್ತಿರ 800 ಮೀಟರ್ ಸೇತುವೆ. ಅದಕ್ಕೂ ಗಾಜು, ಅದಕ್ಕೂ ಎಸಿ. ನೆಲವೇ ನಡೆಯುತ್ತದೆ, ನಾವು ನಿಂತರಾಯಿತು. ಪಕ್ಕದಲ್ಲೇ ಬುರ್ಜ್ ಖಲೀಫಾ, 828 ಮೀಟರ್. 2010ರ ಜನವರಿ 4ರ ಬೆಳಿಗ್ಗೆ ತನಕ ಅದರ ಹೆಸರು ಬುರ್ಜ್ ದುಬೈ. ಸಾಲದ ಕಷ್ಟದಲ್ಲಿ ಕೈಹಿಡಿದ ಅಬುಧಾಬಿಯ ದೊರೆಯ ಹೆಸರನ್ನು ಉದ್ಘಾಟನೆಯ ಹೊತ್ತಿಗೆ ಇಟ್ಟರು. 124ನೇ ಮಹಡಿಗೆ ಲಿಫ್ಟು ಒಂದು ನಿಮಿಷದಲ್ಲಿ ಒಯ್ಯುತ್ತದೆ. ಕಿವಿ ಮುಚ್ಚುತ್ತದೆ, ಬಾಗಿಲು ತೆರೆಯುತ್ತದೆ, ಮುಗಿಯಿತು. ಮೇಲಿನಿಂದ ಊರು ಕಂಡಿತು, ಅದರಾಚೆ ಬೂದು ಧೂಳಿನಲ್ಲಿ ಮರಳುಗಾಡೂ ಕಂಡಿತು. ಮರಳುಗಾಡಿನ ಊರಿಗೆ ಬಂದು ಮರಳುಗಾಡನ್ನು ನೋಡಲು ನೂರಿಪ್ಪತ್ನಾಲ್ಕು ಮಹಡಿ ಹತ್ತಬೇಕಾಯಿತು.

ಈ ಕಟ್ಟಡ ಎಷ್ಟು ಎತ್ತರವೆಂದರೆ ಮೇಲಿನವರಿಗೆ ಸೂರ್ಯ ತಡವಾಗಿ ಮುಳುಗುತ್ತಾನೆ. ರಂಜಾನಿನಲ್ಲಿ 80ನೇ ಮಹಡಿಯ ಮೇಲಿರುವವರು ಉಪವಾಸ ಬಿಡಲು ಎರಡು ನಿಮಿಷ ಹೆಚ್ಚು ಕಾಯಬೇಕು, 150ರ ಮೇಲಿನವರು ಮೂರು ನಿಮಿಷ ಅಂತ 2011ರಲ್ಲಿ ಅಲ್ಲಿನ ಧರ್ಮಗುರುಗಳು ಹೇಳಿದರು. ಆದರೆ ನನ್ನ ತಲೆ ಕೆಡಿಸಿದ್ದು ಇನ್ನೊಂದು ಲೆಕ್ಕ. ಇಷ್ಟೆಲ್ಲ ಮಹಡಿ ತಂಪಾಗಿರಲು ಕಡುಬೇಸಿಗೆಯಲ್ಲಿ ಬೇಕಾಗುವ ಶಕ್ತಿ ದಿನಕ್ಕೆ 10,000 ಟನ್ ಮಂಜುಗಡ್ಡೆ ಕರಗಿಸಿದಷ್ಟು. ಹಸಿ ಗಾಳಿ ತಣ್ಣಗಿನ ಕೊಳವೆಗೆ ತಾಗಿದರೆ ನೀರಾಗುತ್ತದಲ್ಲ, ನಮ್ಮ ಎಸಿಯ ಪೈಪಿನಿಂದ ಪಕ್ಕದ ಮನೆಯವರ ಗೋಡೆಗೆ ತೊಟ್ಟಿಕ್ಕಿ ಜಗಳ ತರುವ ನೀರು, ಆ ನೀರನ್ನು ಇವರು ಹಿಡಿದಿಡುತ್ತಾರೆ. ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಗ್ಯಾಲನ್. ಇಪ್ಪತ್ತು ಒಲಿಂಪಿಕ್ ಈಜುಕೊಳ ತುಂಬುವಷ್ಟು. ಅದು ಕೆಳಗಿನ ತೋಟಕ್ಕೆ ಹೋಗುತ್ತದೆ. ನದಿಯಿಲ್ಲದ ಊರಲ್ಲಿ ಒಂದು ಕಟ್ಟಡ ಬೆವರಿ ಹುಲ್ಲು ಬೆಳೆಸುತ್ತದೆ! ಗೈಡುಗಳು ಇದನ್ನೇ ಮೊದಲು ಹೇಳಬೇಕು. ಅವರು ಯಾವ ಸಿನಿಮಾ ನಟ ಇಲ್ಲಿ ಶೂಟಿಂಗ್ ಮಾಡಿದ ಅಂತ ಹೇಳುತ್ತಾರೆ.

ಮಧ್ಯಾಹ್ನ ಮಾಲ್ ಆಫ್ ದಿ ಎಮಿರೇಟ್ಸ್. ಅದರೊಳಗೆ 2005ರಿಂದ ಹಿಮದ ಗುಡ್ಡ. ನಿಜವಾದ ಹಿಮ, ಸೊನ್ನೆಗಿಂತ ಕೆಳಗಿನ ಚಳಿ, ಪೆಂಗ್ವಿನ್ ಕೂಡ ಇವೆ. ಕಲಬುರಗಿಯಿಂದ ಬಂದ ಸ್ವೆಟರ್ ಅಲ್ಲಿ ಲೆಕ್ಕಕ್ಕಿಲ್ಲ, ಅವರೇ ದಪ್ಪನೆಯ ಜಾಕೆಟ್ಟು, ಬೂಟು ಕೊಡುತ್ತಾರೆ. ನನ್ನ ಹೆಂಡತಿ ಸಣ್ಣ ಹುಡುಗಿಯಂತೆ ಹಿಮ ಬಾಚಿ ಎಸೆದಳು. ನನಗೆ ಅದೊಂದು ಯಾಕೋ ರುಚಿಸಲಿಲ್ಲ. ಬಿಸಿಲಿನಿಂದ ಕಾಪಾಡಿಕೊಳ್ಳಲು ತಂಪು ಮಾಡಿಕೊಳ್ಳುವುದು ಒಂದು. ತಂಪಿನಿಂದ ಕಾಪಾಡಿಕೊಳ್ಳಲು ಜಾಕೆಟ್ ಹಾಕಿಕೊಳ್ಳುವಷ್ಟು ತಂಪು ಮಾಡುವುದು ಸ್ವಲ್ಪ ಜಾಸ್ತಿ ಆಯಿತು, ಅಲ್ವಾ? ಪೆಂಗ್ವಿನ್‌ಗಳೇನೋ ಬೇಜಾರಿಲ್ಲದೆ ಓಡಾಡಿಕೊಂಡಿದ್ದವು.

ಹೊರಗೆ ಬಂದಾಗ ಎರಡು ಗಂಟೆ. ಟ್ಯಾಕ್ಸಿ ತನಕದ ಇಪ್ಪತ್ತು ಹೆಜ್ಜೆ ಬಚ್ಚಲ ಒಲೆಯ ಬಾಯಿಗೆ ಮುಖ ಕೊಟ್ಟಹಾಗೆ. ದಾರಿಯಲ್ಲಿ ಅರ್ಧ ಎದ್ದ ಒಂದು ಕಟ್ಟಡ. ಕ್ರೇನ್ ನಿಂತಿತ್ತು. ಕೆಳಗೆ ತಗಡಿನ ನೆರಳಲ್ಲಿ ಕೆಲಸಗಾರರು ಹೆಲ್ಮೆಟ್ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಹಾಗಿಲ್ಲ ಅಂತ ಅಲ್ಲಿ ಕಾನೂನು. ನಮ್ಮ ಕಲಬುರಗಿ ವಿಭಾಗದಲ್ಲೂ ಏಪ್ರಿಲ್-ಮೇ ಬಂದರೆ ಸರ್ಕಾರಿ ಕಚೇರಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆ. ಕಚೇರಿಯ ಒಳಗೆ ಫ್ಯಾನ್ ಕೆಳಗೆ ಕೂರುವವರಿಗೆ ಆ ರಿಯಾಯಿತಿ. ರಸ್ತೆಗೆ ಡಾಂಬರು ಹಾಕುವವರಿಗೆ ಯಾರೂ ಹೊತ್ತು ಹೇಳಿಲ್ಲ. ಈ ಒಂದು ವಿಷಯದಲ್ಲಿ ದುಬೈ ನಮಗಿಂತ ವಾಸಿ. ಹಾಗಂತ ಪೂರ್ತಿ ಹೊಗಳಲೂ ಆಗದು. ಅದೇ ಹೊತ್ತಿನಲ್ಲಿ ಡೆಲಿವರಿ ಹುಡುಗರು ಬೈಕಿನ ಮೇಲೆ ಓಡುತ್ತಲೇ ಇದ್ದರು, ಎಸಿ ಮನೆಗಳಿಗೆ ಐಸ್‌ಕ್ರೀಮ್ ಒಯ್ಯುತ್ತ. ಅವರಿಗೂ ಅಲ್ಲಲ್ಲಿ ಎಸಿ ಕೊಠಡಿ ಕಟ್ಟಿದ್ದಾರೆ ಅಂತ ತಮ್ಮ ಹೇಳಿದ.

ಸಂಜೆ ಅವನ ಕಾರಿನಲ್ಲಿ ಮುಶ್ರಿಫ್ ಪಾರ್ಕಿಗೆ ಹೋದೆವು. ಇದು ಪಟ್ಟಿಯಲ್ಲಿ ಇರಲಿಲ್ಲ. ಗಾಫ್ ಮರಗಳ ಕಾಡು ಅಂತೆ, ಯುಎಇಯ ರಾಷ್ಟ್ರೀಯ ಮರವಂತೆ. ನನ್ನ ಹೆಂಡತಿ ಕಾರಿನಿಂದ ಇಳಿದವಳೇ ಒಂದು ಟೊಂಗೆ ಹಿಡಿದು ನೋಡಿದಳು. ಸಣ್ಣ ಎಲೆ, ಮುಳ್ಳು, ತೆಳ್ಳನೆಯ ಕಾಯಿ.

"ಇದು ಬನ್ನಿ ಅದ" ಅಂದಳು.

ಹೌದು, ಬನ್ನಿಯೇ. ನಮ್ಮ ದಸರೆಯ ಬನ್ನಿ. ಬೇರು ನೀರು ಹುಡುಕಿಕೊಂಡು ಮೂವತ್ತು ಮೀಟರ್ ತನಕ ಇಳಿಯುತ್ತದೆ, ಅದಕ್ಕೇ ಮರಳಲ್ಲೂ ಹಸಿರು. ಒಂಟೆಗೆ ಮೇವು, ಬಿಸಿಲಲ್ಲಿ ನಡೆದವರಿಗೆ ನೆರಳು. ಕರೆಂಟು ಬರುವ ಮೊದಲು ಪಂಚಾಯ್ತಿ ಕೂಡುತ್ತಿದ್ದದ್ದೂ ಇದರ ಬುಡದಲ್ಲೇ. ನಮ್ಮವರು ಇದರ ಎಲೆಯನ್ನು ಬಂಗಾರ ಅಂತ ಕೊಟ್ಟುಕೊಳ್ಳುತ್ತಾರೆ. ಹೆಂಡತಿ ನಾಲ್ಕು ಎಲೆ ಕೀಳಲು ಕೈ ಎತ್ತಿದಳು.

"ವೈನಿ, ಕೀಳಬ್ಯಾಡ್ರಿ! ದಂಡ ಹಾಕ್ತಾರ" ಅಂತ ತಮ್ಮ ಕೂಗಿದ.

ಕೆಳಗೆ ಉದುರಿದ್ದನ್ನು ಆರಿಸಿ ಅವಳು ನೆಗೆಣ್ಣಿಯ ಕೈಗಿಟ್ಟಳು. "ತಗೋ, ಬನ್ನಿ ತಗೊಂಡು ಬಂಗಾರದಂಗ ಇರೋಣ. ಮಜೂರಿ ಇಲ್ಲ." ಬೆಳಿಗ್ಗೆಯಿಂದ ಚಿನ್ನದ ದರ ಎಣಿಸುತ್ತಿದ್ದ ಆಕೆ ಜೋರಾಗಿ ನಕ್ಕಳು.

ರಾತ್ರಿ ಕರಾಮಾದ ಬೀದಿಗಳಲ್ಲಿ ಜಾತ್ರೆ. ಹಗಲೆಲ್ಲ ಎಲ್ಲಿದ್ದರೋ, ಒಂಬತ್ತಕ್ಕೆ ಜನ ಫುಟ್‌ಪಾತಿಗೆ ಇಳಿದಿದ್ದರು. ಆಗಲೂ 36 ಡಿಗ್ರಿ. ಮಕ್ಕಳ ಸೈಕಲ್ಲು, ಕರಕ್ ಚಹಾ, ಮಸಾಲೆ ದೋಸೆ. ಮನೆ ಸೇರಿದ ಮೇಲೆ ತಮ್ಮ ತನ್ನ ಬಾಡಿಗೆ ಮನೆಯ ಹೆಚ್ಚುಗಾರಿಕೆ ಹೇಳಿದ: ಇದು "ಚಿಲ್ಲರ್ ಫ್ರೀ" ಫ್ಲಾಟು. ಅಂದರೆ ತಂಪಿನ ದುಡ್ಡು ಬಾಡಿಗೆಯಲ್ಲೇ ಸೇರಿದೆ. ಇಲ್ಲದಿದ್ದರೆ ಕರೆಂಟಿಗೊಂದು ಬಿಲ್ಲು, ತಂಪಿಗೊಂದು ಬಿಲ್ಲು. ಎಷ್ಟೋ ಬಡಾವಣೆಗಳಲ್ಲಿ ಒಂದೇ ಕಡೆ ನೀರು ತಣ್ಣಗೆ ಮಾಡಿ ಕೊಳವೆಯಲ್ಲಿ ಕಟ್ಟಡ ಕಟ್ಟಡಕ್ಕೂ ಕಳಿಸುತ್ತಾರೆ, ನಾವು ನಲ್ಲಿ ನೀರು ಕೊಟ್ಟಹಾಗೆ.

ಮೈಯೆಲ್ಲ ಅಂಟಂಟು. ಸ್ನಾನಕ್ಕೆ ಹೊರಟೆ. ಮಾಳಿಗೆಯ ಮೇಲಿನ ಟ್ಯಾಂಕು ಇಡೀ ದಿನ ಬಿಸಿಲಿಗೆ ಕಾದಿರುತ್ತದೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ಒಳಗಿನಿಂದಲೇ ಕೂಗಿ ಹೇಳಿದೆ.

"ಅಣ್ಣಾ, ಆ ನಲ್ಲಿ ಬ್ಯಾಡ. ಗೀಸರ್ ನಲ್ಲಿ ಬಿಡು, ಅದು ತಣ್ಣಗ ಬರ್ತದ" ಅಂದ ತಮ್ಮ ಹೊರಗಿನಿಂದ.

ಗೀಸರ್ ಇರುವುದು ಮನೆಯ ಒಳಗೆ, ಎಸಿಯ ತಂಪಿನಲ್ಲಿ. ಸ್ವಿಚ್ ಆರಿಸಿಬಿಟ್ಟರೆ ಅದರೊಳಗಿನ ನೀರು ಕೋಣೆಯಷ್ಟೇ ತಣ್ಣಗಾಗುತ್ತದೆ. ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿ ಗುರುತಿನದರಲ್ಲಿ ಬಿಸಿನೀರು.

"ಮತ್ತ ಒಂದು ಮಾತು" ಅಂತ ಅವನೇ ಮತ್ತೆ ಕೂಗಿದ. "ಆ ಸ್ವಿಚ್ ಮಾತ್ರ ಒತ್ತಬ್ಯಾಡ. ನವೆಂಬರ್ ತನಕ ಯಾರೂ ಮುಟ್ಟಂಗಿಲ್ಲ!"