ಮ್ಯಾಪಲ್ಲಿ ಚುಕ್ಕೆ ಬರಲಿಲ್ಲ ಅಂದ್ರೆ ರೇಡಿಯೋ ಕೆಟ್ಟಿದೆ ಅಂತ ಹೇಳಿದ್ದು ಯಾರು?

ಇವತ್ತು ಸಂಜೆ ಮತ್ತೆ ಅದೇ ಆಟ ನೋಡಿ ಬಂದೆ. ಒಂದು ಕಾರು. ಬಾನೆಟ್ ಮೇಲೆ ಬಿಚ್ಚಿಟ್ಟ ಎಪಿಆರ್‌ಎಸ್ ಟ್ರ್ಯಾಕರ್, ಗಾಡಿ ಎಲ್ಲಿದೆ ಅಂತ ರೇಡಿಯೋದಲ್ಲಿ ಕೂಗಿ ಹೇಳುವ ಡಬ್ಬಿ. ಸುತ್ತ ಒಂದಷ್ಟು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು. ಎಲ್ಲರ ತಲೆಯೂ ಬಗ್ಗಿದೆ, ಆದರೆ ಟ್ರ್ಯಾಕರ್ ಕಡೆಗಲ್ಲ, ಅವರವರ ಮೊಬೈಲಿನ ಮ್ಯಾಪ್ ಕಡೆಗೆ.

"ಬಂತಾ?"

"ಇಲ್ಲ."

"ಈಗ?"

"ಇಲ್ಲ ಕಣೋ, ರಿಫ್ರೆಶ್ ಮಾಡು."

ಒಬ್ಬರು ಆಂಟೆನಾ ಬದಲಾಯಿಸು ಅಂದರು. ಇನ್ನೊಬ್ಬರು ಪವರ್ 50 ವ್ಯಾಟ್‌ಗೆ ಏರಿಸು ಅಂದರು. ಮೂರನೆಯವರು ಪಾತ್‌ನಲ್ಲಿ, ಅಂದರೆ ಸಂದೇಶವನ್ನು ನಡುವಿನ ಸ್ಟೇಷನ್‌ಗಳು ಎಷ್ಟು ಸಲ ಮುಂದಕ್ಕೆ ದಾಟಿಸಬೇಕು ಅಂತ ಬರೆಯುವ ಜಾಗದಲ್ಲಿ, ವೈಡ್7-7 (ಏಳು ಸಲ) ಹಾಕಿಬಿಡು, ಎಲ್ಲಿಗಾದ್ರೂ ತಲುಪತ್ತೆ ಅಂದರು. ಟ್ರ್ಯಾಕರ್ ಯಾರದ್ದೋ ಆ ಹುಡುಗ ಪಾಪ, ಎಲ್ಲರ ಮಾತಿಗೂ "ಹೂಂ ಸರ್" ಅನ್ನುತ್ತಿದ್ದ. ತಮಾಷೆ ಏನು ಗೊತ್ತಾ? ಅಲ್ಲಿದ್ದ ಪ್ರತಿಯೊಬ್ಬರ ಸೊಂಟದಲ್ಲೂ ಒಂದೊಂದು ಹ್ಯಾಂಡ್‌ಹೆಲ್ಡ್ ರೇಡಿಯೋ ನೇತಾಡುತ್ತಿತ್ತು. ಒಬ್ಬರಾದರೂ ಅದನ್ನು ಟ್ರ್ಯಾಕರ್‌ನ ಫ್ರೀಕ್ವೆನ್ಸಿಗೆ ತಿರುಗಿಸಿ ಕಿವಿಗೆ ಹಿಡಿಯಲಿಲ್ಲ. ರೇಡಿಯೋ ಹವ್ಯಾಸಿಗಳು ಸ್ವಾಮಿ ಇವರು. ಲೈಸೆನ್ಸ್ ಇರೋರು.

ನನಗೆ ಈ ವಿಷಯದಲ್ಲಿ ತಲೆ ಕೆಡುತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ. ಹ್ಯಾಮ್ ಅಲ್ಲದ ಗೆಳೆಯರಿಗೆ ಎರಡೇ ಮಾತು: ಗಾಡಿಯಲ್ಲಿರುವ ಜಿಪಿಎಸ್, ನೀವೆಲ್ಲಿದ್ದೀರಿ ಅಂತ ಹೇಳುತ್ತದೆ. ಒಂದು ಸಣ್ಣ ಡಬ್ಬಿ ಆ ಮಾಹಿತಿಯನ್ನು ಶಬ್ದವಾಗಿ ಮಾಡಿ ರೇಡಿಯೋಗೆ ಕೊಡುತ್ತದೆ. ರೇಡಿಯೋ "ಬ್ರ್ರ್ರಪ್" ಅಂತ ಕೂಗುತ್ತದೆ. ದೂರದಲ್ಲಿ ಯಾರೋ ಅದನ್ನು ಕೇಳಿಸಿಕೊಂಡು ಓದುತ್ತಾರೆ. ಇಂಟರ್ನೆಟ್ ಬೇಕಿಲ್ಲ, ಸಿಮ್ ಬೇಕಿಲ್ಲ. ಇದಿಷ್ಟೇ ಎಪಿಆರ್‌ಎಸ್.

ಇದನ್ನು ಕಟ್ಟಿದವರು ಬಾಬ್ ಬ್ರುನಿಂಗಾ, ಕಾಲ್‌ಸೈನ್ (ಹ್ಯಾಮ್‌ನ ಲೈಸೆನ್ಸ್ ಹೆಸರು) ಡಬ್ಲ್ಯೂಬಿ4ಎಪಿಆರ್. ಅಮೆರಿಕದ ನೇವಲ್ ಅಕಾಡೆಮಿಯಲ್ಲಿ ಕೆಲಸ ಮಾಡುತ್ತಿದ್ದವರು. 1984ರಲ್ಲೇ ನೂರು ಮೈಲಿಯ ಒಂದು ಕುದುರೆ ಓಟಕ್ಕೆ ಕಮೊಡೋರ್ ವಿಕ್-20 ಕಂಪ್ಯೂಟರ್ ಇಟ್ಟುಕೊಂಡು ಇದರ ಹಳೆಯ ರೂಪವನ್ನು ಓಡಿಸಿದ್ದರು. 2022ರಲ್ಲಿ ತೀರಿಕೊಂಡರು. ಇದು ಬರೀ ಗಾಡಿ ಹುಡುಕೋ ಯಂತ್ರ ಅಲ್ಲ, ಸುತ್ತಮುತ್ತ ಇರುವವರು ಆ ಕ್ಷಣಕ್ಕೆ ಪರಸ್ಪರ ಕೇಳಿಸಿಕೊಳ್ಳುವ ವ್ಯವಸ್ಥೆ ಅಂತ ಆ ಮನುಷ್ಯ ಕೊನೆತನಕ ಹೇಳಿದ್ದೇ ಹೇಳಿದ್ದು. ಕೇಳಿಸಿಕೊಳ್ಳೋದು ಅನ್ನೋದನ್ನೇ ನಾವು ಬಿಟ್ಟುಬಿಟ್ಟೆವು. ವೆಬ್‌ಸೈಟ್ ಮ್ಯಾಪ್ ನೋಡೋದೇ ಎಪಿಆರ್‌ಎಸ್ ಅಂದುಕೊಂಡೆವು.

ಆ ಮ್ಯಾಪಿನ ಚುಕ್ಕೆ ಎಷ್ಟು ಕೈ ದಾಟಿ ಬರುತ್ತದೆ ನೋಡಿ. ಜಿಪಿಎಸ್‌ಗೆ ಉಪಗ್ರಹಗಳು ಸಿಗಬೇಕು. ಅದು ಸೀರಿಯಲ್ ತಂತಿಯಲ್ಲಿ ಸರಿಯಾದ ವೇಗದಲ್ಲಿ ಮಾತಾಡಬೇಕು. ಟ್ರ್ಯಾಕರ್ ಆ ಮಾತನ್ನು ಪ್ಯಾಕೆಟ್ ಮಾಡಿ, 1200 ಮತ್ತು 2200 ಹರ್ಟ್ಜ್‌ನ ಎರಡು ಟೋನ್‌ಗಳಾಗಿ ಹೊರಗೆ ಬಿಡಬೇಕು. ರೇಡಿಯೋ ಆ ಟೋನ್‌ಗಳನ್ನು ಕೆಡಿಸದೆ ಗಾಳಿಗೆ ಹಾಕಬೇಕು. ಆ ಹೊತ್ತಿಗೆ ಬೇರೆ ಯಾರೂ ಅದೇ ಚಾನೆಲ್‌ನಲ್ಲಿ ಕೂಗುತ್ತಿರಬಾರದು. ಕೇಳಿದ್ದನ್ನು ಮತ್ತೆ ಕೂಗಿ ಮುಂದಕ್ಕೆ ದಾಟಿಸುವ ಡಿಜಿಪೀಟರ್ ಕೇಳಿಸಿಕೊಳ್ಳಬೇಕು, ಕೇಳಿದ್ದನ್ನು ಇಂಟರ್ನೆಟ್ಟಿಗೆ ಹಾಕುವ ಐಗೇಟ್ ಕೇಳಿಸಿಕೊಳ್ಳಬೇಕು. ಐಗೇಟ್ ನಡೆಸುವ ಪುಣ್ಯಾತ್ಮ ಪಾಸ್‌ಕೋಡ್ ಸರಿಯಾಗಿ ಹಾಕಿರಬೇಕು. ತಪ್ಪು ಹಾಕಿದ್ದರೂ ಸರ್ವರ್ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಅವನು ಕಳಿಸಿದ್ದನ್ನು ಮಾತ್ರ ಸದ್ದಿಲ್ಲದೆ ಎಸೆಯುತ್ತದೆ. ಇಷ್ಟೆಲ್ಲ ದಾಟಿದ ಮೇಲೆ ವೆಬ್‌ಸೈಟು, ಆಮೇಲೆ ನಿಮ್ಮ ಮೊಬೈಲು.

ಇದರಲ್ಲಿ ಎಲ್ಲಿ ಏನು ತಪ್ಪಿದರೂ ಮೊಬೈಲಲ್ಲಿ ಕಾಣೋದು ಒಂದೇ: ಏನೂ ಇಲ್ಲ. ಆ "ಏನೂ ಇಲ್ಲ" ನೋಡಿಕೊಂಡು ಆಂಟೆನಾ ಕೊಳ್ಳೋಕೆ ಹೊರಡುತ್ತಾರಲ್ಲ, ಅದೇ ನನಗೆ ಉರಿಯೋದು.

ಚುಕ್ಕೆ ಬಂದರೂ ನಂಬೋ ಹಾಗಿಲ್ಲ, ಅದು ಇನ್ನೂ ಚೆಂದ. "ಬಂತು ಬಂತು!" ಅಂತ ಒಬ್ಬರು ಕುಣಿದಾಡಿದ್ದನ್ನು ಹಿಂದೊಮ್ಮೆ ನೋಡಿದ್ದೇನೆ. ಹೋಗಿ ನೋಡಿದರೆ ರೇಡಿಯೋ ಆಫ್ ಆಗಿತ್ತು. ಜೇಬಲ್ಲಿದ್ದ ಮೊಬೈಲ್ ಆ್ಯಪ್ ಇಂಟರ್ನೆಟ್ ಮೂಲಕವೇ ಅವರ ಕಾಲ್‌ಸೈನ್‌ನಲ್ಲಿ ಬೀಕನ್ (ನಾನಿಲ್ಲಿದ್ದೀನಿ ಅನ್ನೋ ಸಂದೇಶ) ಹಾಕುತ್ತಿತ್ತು. ಪ್ಯಾಕೆಟ್‌ನ ಪಾತ್‌ನಲ್ಲಿ ಟಿಸಿಪಿಐಪಿ, ಅಂದರೆ ಇಂಟರ್ನೆಟ್ ದಾರಿ, ಅಂತ ಬರೆದಿತ್ತು, ಅದನ್ನು ಯಾರು ಓದುತ್ತಾರೆ? ಅವರ ಖುಷಿ ಹಾಳು ಮಾಡೋಕೆ ಮನಸ್ಸು ಬರಲಿಲ್ಲ. ಸುಳ್ಳು. ಬಂತು, ಮಾಡಿದೆ.

ಸರಿ, ಇವತ್ತಿನ ಕಥೆಗೆ ಬರೋಣ. ನನ್ನ ಹ್ಯಾಂಡ್‌ಹೆಲ್ಡ್ ತೆಗೆದು, ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಅಡಗಿಸೋದು) ಪೂರ್ತಿ ತೆರೆದು, ಕಾರಿನಿಂದ ದೂರ ನಡೆದುಹೋಗಿ ನಿಂತೆ. ಸ್ಕ್ವೆಲ್ಚ್ ತೆರೆದಿದ್ದರೆ ಸುಮ್ನೆ ಒಂದೇ ಸಮ "ಶ್ಶ್ಶ್" ಅನ್ನುತ್ತಿರುತ್ತದೆ. ಬೀಕನ್ ಹೊರಟಾಗ ಮೊದಲು ಆ ಶ್ಶ್ಶ್ ನಿಲ್ಲಬೇಕು. ಕ್ಯಾರಿಯರ್, ಅಂದರೆ ಟೋನ್‌ಗಳನ್ನು ಹೊತ್ತು ತರುವ ರೇಡಿಯೋ ಅಲೆ, ಬಂತು ಅಂತ ಅರ್ಥ. ಆಮೇಲೆ ಟೋನ್. ಆಮೇಲೆ ಮತ್ತೆ ಶ್ಶ್ಶ್. ಇಷ್ಟು ಕೇಳಿಸಿಕೊಂಡರೆ ಅರ್ಧ ಪತ್ತೆದಾರಿ ಮುಗಿದ ಹಾಗೆ. ಶ್ಶ್ಶ್ ನಿಲ್ಲದಿದ್ದರೆ ಪಿಟಿಟಿ, ಅಂದರೆ ರೇಡಿಯೋಗೆ ಕಳಿಸು ಅಂತ ಹೇಳುವ ತಂತಿ, ನೋಡಿ, ಇಲ್ಲವೇ ಫ್ರೀಕ್ವೆನ್ಸಿ ನೋಡಿ. ಉತ್ತರ ಅಮೆರಿಕದಲ್ಲಿ 144.390, ಯೂರೋಪಿನಲ್ಲಿ 144.800, ಜಪಾನಿನಲ್ಲಿ 144.660 ಮೆಗಾಹರ್ಟ್ಜ್. ಹೊರಗಿಂದ ತರಿಸಿದ ಟ್ರ್ಯಾಕರ್ ತನ್ನ ಊರಿನ ಫ್ರೀಕ್ವೆನ್ಸಿಯಲ್ಲೇ ಕೂಗಿಕೊಂಡು ಕೂತಿರಬಹುದು. ಶ್ಶ್ಶ್ ನಿಂತು ಟೋನ್ ಮಾತ್ರ ಬರದಿದ್ದರೆ ಆಡಿಯೋ ತಂತಿ. ಪ್ಯಾಕೆಟ್ ಮುಗಿದ ಮೇಲೂ ಬಹಳ ಹೊತ್ತು ಮೌನವೇ ಇದ್ದರೆ ಯಾರೋ ವಾಕ್ಸ್, ಅಂದರೆ ಸದ್ದು ಕೇಳಿ ರೇಡಿಯೋ ತಾನೇ ಕಳಿಸೋಕೆ ಶುರು ಮಾಡುವ ಸೆಟ್ಟಿಂಗ್, ಹಾಕಿದ್ದಾರೆ ಅಂತ. ಅವರಿಗೆ ದೊಡ್ಡ ನಮಸ್ಕಾರ.

ಇಲ್ಲಿ ಎಲ್ಲವೂ ಇತ್ತು. ಶ್ಶ್ಶ್ ನಿಂತಿತು, ಟೋನ್ ಬಂತು. ಬಂತು ಅಂದರೆ ಹೇಗೆ, ಕಿವಿ ಹರಿಯೋ ಹಾಗೆ ಬಂತು. ಒರಟಾದ, ಅಂಚು ಒಡೆದ "ಬ್ರ್ಯಾಆಪ್".

ಅದೇ ರೋಗ. ಟ್ರ್ಯಾಕರ್‌ನಿಂದ ರೇಡಿಯೋಗೆ ಹೋಗೋ ಆಡಿಯೋ ಜಾಸ್ತಿ. ಬಹಳ ಜಾಸ್ತಿ. ಮೈಕ್ ಕನೆಕ್ಟರ್ ಮೂಲಕ ಕೊಟ್ಟಾಗ ರೇಡಿಯೋ ಮೇಲಿನ ಸ್ವರಗಳನ್ನು ಎತ್ತಿ ಕಳಿಸುತ್ತದೆ, ಪ್ರೀ-ಎಂಫಸಿಸ್ ಅಂತಾರಲ್ಲ. ಅಂದರೆ 2200ರ ಟೋನ್ 1200ರದ್ದಕ್ಕಿಂತ ಮೊದಲೇ ಐದು ಡೆಸಿಬಲ್‌ನಷ್ಟು ಮೇಲೆ ಇರುತ್ತದೆ. ಅದರ ಮೇಲೆ ಲೆವೆಲ್ಲೂ ಹೆಚ್ಚಿದ್ದರೆ ರೇಡಿಯೋದೊಳಗಿನ ಲಿಮಿಟರ್ ಎರಡರ ತಲೆಯನ್ನೂ ಚಪ್ಪಟೆ ಮಾಡುತ್ತದೆ. ಎಸ್-ಮೀಟರ್ ನೋಡಿದರೆ ಫುಲ್. ಎಸ್-ಮೀಟರ್ ಅಳೆಯೋದು ಕ್ಯಾರಿಯರ್ ಎಷ್ಟು ಗಟ್ಟಿ ಅಂತ, ಒಳಗಿನ ಟೋನ್ ನೆಟ್ಟಗಿದೆಯಾ ಅಂತ ಅಲ್ಲ. ಮುಖದ ಹತ್ತಿರ ಬಂದು ಕಿರುಚಿದವನ ಮಾತು ಒಂದೂ ಅರ್ಥ ಆಗಲ್ವಲ್ಲ, ಹಾಗೆ.

ಎಪಿಆರ್‌ಎಸ್‌ನಲ್ಲಿ ಅರ್ಧಂಬರ್ಧ ಅರ್ಥ ಆಗೋದು ಅನ್ನೋದೇ ಇಲ್ಲ. ಪ್ರತಿ ಪ್ಯಾಕೆಟ್‌ನ ಕೊನೆಗೆ ಎರಡು ಬೈಟ್‌ನ ಚೆಕ್ ಇರುತ್ತದೆ. ಒಂದೇ ಒಂದು ಬಿಟ್ ತಪ್ಪಿದರೂ ಲೆಕ್ಕ ತಾಳೆಯಾಗಲ್ಲ, ಇಡೀ ಪ್ಯಾಕೆಟ್ ಕಸದ ಬುಟ್ಟಿಗೆ. ತಪ್ಪು ತಿದ್ದಿಕೊಳ್ಳುವ ಏರ್ಪಾಡು ಇಲ್ಲ, ಇನ್ನೊಮ್ಮೆ ಹೇಳು ಅಂತ ಕೇಳುವ ಪದ್ಧತಿಯೂ ಇಲ್ಲ. ಹಾಗಾಗಿ ಇಂಥ ಟ್ರ್ಯಾಕರ್‌ಗೆ 50 ವ್ಯಾಟ್ ಕೊಟ್ಟರೆ ಆಗೋದಿಷ್ಟೇ: ಕೆಟ್ಟ ಪ್ಯಾಕೆಟ್ ಇನ್ನೂ ದೂರಕ್ಕೆ ಹೋಗಿ ಇನ್ನೊಬ್ಬರ ಒಳ್ಳೆ ಪ್ಯಾಕೆಟ್ ಮೇಲೆ ಬೀಳುತ್ತದೆ. ವೈಡ್7-7 ಹಾಕು ಅಂದವರಿಗೂ ಇದೇ ಉತ್ತರ. ಮೊದಲ ಡಿಜಿಪೀಟರ್‌ಗೇ ಓದೋಕೆ ಆಗದ ಪ್ಯಾಕೆಟ್‌ನಲ್ಲಿ ಏಳು ಹಾಪ್ ಬರೆದರೇನು, ಎಪ್ಪತ್ತು ಬರೆದರೇನು? ಓಡಾಡುವ ಗಾಡಿಗೆ ವೈಡ್1-1, ವೈಡ್2-1 ಸಾಕು. ಚಾನೆಲ್ ಒಂದೇ, ವೇಗ 1200 ಬಾಡ್, ಅಂದರೆ ಸೆಕೆಂಡಿಗೆ 1200 ಬಿಟ್. ನೂರು ಬೈಟ್‌ನ ಒಂದು ಪ್ಯಾಕೆಟ್‌ಗೆ ಅದಕ್ಕೆ ಮುಂಚೆ ಬರುವ ಟಿಎಕ್ಸ್ ಡಿಲೇ (ರೇಡಿಯೋ ಸಿದ್ಧವಾಗಲು ಬಿಡುವ ಸಮಯ) ಸೇರಿಸಿದರೆ ಹೆಚ್ಚುಕಡಿಮೆ ಒಂದು ಸೆಕೆಂಡು. ಅಷ್ಟು ಹೊತ್ತು ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು.

ಟ್ರ್ಯಾಕರ್ ಬೋರ್ಡಿನ ಮೇಲೆ ಒಂದು ಪುಟ್ಟ ನೀಲಿ ಟ್ರಿಮ್‌ಪಾಟ್, ಆಡಿಯೋ ಲೆವೆಲ್ ಹೆಚ್ಚುಕಡಿಮೆ ಮಾಡುವ ತಿರುಪು, ಇತ್ತು. ಹುಡುಗನಿಗೆ ಸಣ್ಣ ಸ್ಕ್ರೂಡ್ರೈವರ್ ಕೊಟ್ಟು, "ನಾನು ಕೇಳ್ತೀನಿ, ನೀನು ತಿರುಗಿಸು" ಅಂದೆ. ತೀರಾ ಕೆಳಗಿಂದ ಶುರು. ನಿಧಾನಕ್ಕೆ ಏರಿಸಿದ ಹಾಗೆ ಸದ್ದು ದೊಡ್ಡದಾಗುತ್ತಾ ಹೋಗುತ್ತದೆ. ಒಂದು ಜಾಗ ದಾಟಿದ ಮೇಲೆ ಎಷ್ಟು ತಿರುಗಿಸಿದರೂ ಸದ್ದು ಅಷ್ಟೇ. ಅದೇ ಲಿಮಿಟರ್ ಹಿಡಿದ ಜಾಗ. ಅಲ್ಲಿಂದ ಚೆನ್ನಾಗಿ ಹಿಂದಕ್ಕೆ ಬರಬೇಕು, ಸದ್ದು ಅರ್ಧದಷ್ಟು ಅನ್ನಿಸೋವರೆಗೆ. ಮೀಟರ್ ಇದ್ದವರು ಡೀವಿಯೇಷನ್ (ಆಡಿಯೋ ಫ್ರೀಕ್ವೆನ್ಸಿಯನ್ನು ಎಷ್ಟು ಅಲುಗಾಡಿಸುತ್ತದೆ ಅನ್ನೋದು) 3 ಕಿಲೋಹರ್ಟ್ಜ್ ಹತ್ತಿರ ಇಟ್ಟುಕೊಳ್ಳಲಿ. ಇಲ್ಲದವರಿಗೆ ಕಿವಿ ಇದೆ. ಅಷ್ಟರಲ್ಲಿ ಲ್ಯಾಪ್‌ಟಾಪ್‌ನಲ್ಲಿ ಪ್ಯಾಕೆಟ್ ಓದುವ ಡೈರ್‌ವುಲ್ಫ್ ಸಾಫ್ಟ್‌ವೇರ್ ಹಾಕಿ, ನನ್ನ ಹ್ಯಾಂಡ್‌ಹೆಲ್ಡ್‌ನ ಇಯರ್‌ಫೋನ್ ತೂತಿನಿಂದ ಆಡಿಯೋ ಕೊಟ್ಟೆ. ಅದು ಪ್ಯಾಕೆಟ್ ಓದಿದಾಗೆಲ್ಲ ಆಡಿಯೋ ಲೆವೆಲ್ ಎಷ್ಟು ಅಂತ ಬರೆಯುತ್ತದೆ, ಸುಮಾರು 50 ಇದ್ದರೆ ಚೆನ್ನ. ಪರದೆಯ ಮೇಲೆ ಹುಡುಗನ ಕಾಲ್‌ಸೈನ್ ಬಂತು. ಇನ್ನೊಮ್ಮೆ ಬಂತು. ಇಂಟರ್ನೆಟ್ ಇಲ್ಲ, ಮ್ಯಾಪ್ ಇಲ್ಲ. ಅಲ್ಲೇ, ಆ ಕಾರಿನ ಪಕ್ಕದಲ್ಲೇ, ಟ್ರ್ಯಾಕರ್ ಸರಿಯಿದೆ ಅಂತ ಸಾಬೀತಾಯಿತು. ಆಂಟೆನಾ ಮುಟ್ಟಲಿಲ್ಲ.

"ಆದ್ರೂ ಮ್ಯಾಪಲ್ಲಿ ಇನ್ನೂ ಬಂದಿಲ್ವಲ್ಲ?" ಅಂತ ಆ ವೈಡ್7-7 ಮಹಾಶಯರು ಕೇಳಿದರು. ನಾನೇನೂ ಹೇಳಲಿಲ್ಲ. ಹೇಳಿದ್ದರೆ ಈ ಪೋಸ್ಟ್ ಬರೆಯೋ ಅಗತ್ಯ ಇರುತ್ತಿರಲಿಲ್ಲ.

ಈಗ ಕಾಮೆಂಟಿನಲ್ಲಿ ಯಾರೋ ಬರ್ತೀರಿ, ಗೊತ್ತು: "ವೆಬ್‌ಸೈಟ್ ಉಪಯೋಗಕ್ಕೆ ಬರಲ್ವಾ? ಎಪಿಆರ್‌ಎಸ್ ಡಾಟ್ ಎಫ್‌ಐ ನೋಡಿಯೇ ನಾನು ತೊಂದರೆ ಹುಡುಕಿದ್ದು." ಬರುತ್ತದೆ, ಖಂಡಿತ ಬರುತ್ತದೆ. ಫಿನ್‌ಲೆಂಡಿನ ಹ್ಯಾಮ್ ಒಬ್ಬರು ಅಷ್ಟು ಚೆನ್ನಾಗಿ ನಡೆಸುತ್ತಿದ್ದಾರೆ. ಅದರಲ್ಲಿ ಕಚ್ಚಾ ಪ್ಯಾಕೆಟ್‌ಗಳ ಪುಟ ಅಂತ ಇದೆ. ಯಾವ ಐಗೇಟ್ ಕೇಳಿತು, ಯಾವ ಡಿಜಿಪೀಟರ್ ದಾಟಿಸಿತು, ಯಾವ ಪ್ಯಾಕೆಟ್ ಅನ್ನು ಯಾಕೆ ಒಪ್ಪಲಿಲ್ಲ, ಗಾಡಿ ನಂಬಲಾಗದಷ್ಟು ಬೇಗ ಜಾಗ ಬದಲಾಯಿಸಿದೆಯಾ, ಎಲ್ಲವನ್ನೂ ಬಿಡಿಸಿ ಬರೆದಿರುತ್ತಾರೆ. ಆ ಪುಟ ತೆರೆದು ಓದಿದವರಿಗೆ ನನ್ನ ತಕರಾರಿಲ್ಲ. ಅಂಥವರು ಇವತ್ತು ಅಲ್ಲಿ ಒಬ್ಬರೂ ಇರಲಿಲ್ಲ ಅಷ್ಟೇ. ಅದೂ ಅಲ್ಲದೆ ಹತ್ತಿರದಲ್ಲಿ ಐಗೇಟೇ ಇಲ್ಲದ ಕಡೆ ಆ ಪುಟ ತಾನೇ ಏನು ಹೇಳೀತು?

ಇನ್ನೊಂದು ವಾದ: "ಈಗಿನ ರೇಡಿಯೋಗಳಲ್ಲಿ ಎಲ್ಲ ಒಳಗೇ ಬರುತ್ತೆ, ಇವೆಲ್ಲ ಹಳೇ ಕಾಲದ ತಲೆನೋವು." ಹೌದಾ? ಒಳಗೇ ಬರುವ ರೇಡಿಯೋದಲ್ಲಿ ಬ್ಯಾಟರಿ ಸೇವರ್ ಆನ್ ಇದ್ದು, ರಿಸೀವರ್ ತೂಕಡಿಸುತ್ತಾ ಪ್ಯಾಕೆಟ್‌ನ ಮುಂದಿನ ತುದಿಯನ್ನೇ ನುಂಗಿಹಾಕುತ್ತದೆ. ಆಗ ನೀವು ಎಲ್ಲಿ ನೋಡುತ್ತೀರಿ? ಮ್ಯಾಪಲ್ಲಿ. ಸರಿ ಹೋಯ್ತು.

ಜಿಪಿಎಸ್ ಕಡೆಯದ್ದೂ ಇದೇ ಹಣೆಬರಹ. ಅಲ್ಲಿ ಕಿವಿ ಬದಲು ಕಣ್ಣು ಬೇಕು. ಜಿಪಿಎಸ್ ತಂತಿಯನ್ನು ಕಂಪ್ಯೂಟರ್‌ಗೆ ಹಾಕಿ, ಸಾಮಾನ್ಯವಾಗಿ 4800 ಇಲ್ಲವೇ 9600 ವೇಗದಲ್ಲಿ ಬರೋ ಸಾಲುಗಳನ್ನು ಓದಿ. ಹಾಳುಮೂಳು ಅಕ್ಷರ ಬಂದರೆ ವೇಗ ತಪ್ಪು, ಇಲ್ಲಾ ಆರ್‌ಎಸ್-232 ಮತ್ತು ಟಿಟಿಎಲ್ ಅನ್ನೋ ಎರಡು ಬಗೆಯ ಸೀರಿಯಲ್ ವೋಲ್ಟೇಜ್ ಪದ್ಧತಿ ಅದಲುಬದಲಾಗಿ ಸಿಗ್ನಲ್ ತಲೆಕೆಳಗಾಗಿದೆ. ಜಿಪಿಆರ್‌ಎಂಸಿ ಅನ್ನೋ ಸಾಲಿನಲ್ಲಿ ಸಮಯದ ಪಕ್ಕ ಒಂದೇ ಒಂದು ಅಕ್ಷರ ಇರುತ್ತದೆ. 'ಎ' ಇದ್ದರೆ ಜಾಗ ಸಿಕ್ಕಿದೆ. 'ವಿ' ಇದ್ದರೆ ಇನ್ನೂ ಆಕಾಶ ನೋಡುತ್ತಿದೆ, ಕಾಯಿರಿ. ಅದರಲ್ಲಿ ಅಕ್ಷಾಂಶ 4530.00 ಅಂತ ಇದ್ದರೆ 45 ಡಿಗ್ರಿ 30 ಮಿನಿಟ್, ಅಂದರೆ 45.5 ಡಿಗ್ರಿ. ಅದನ್ನು 45.30 ಅಂತ ಓದಿಕೊಂಡ ಸಾಫ್ಟ್‌ವೇರ್ ನಿಮ್ಮನ್ನು 22 ಕಿಲೋಮೀಟರ್ ಆಚೆ ಕೂರಿಸುತ್ತದೆ.

ಇತ್ತೀಚೆಗೆ ಕಾಡುವ ಇನ್ನೊಂದು ಇದೆ. ಹೊಸ ಜಿಪಿಎಸ್, ಹಳೆ ಟ್ರ್ಯಾಕರ್. ಜಿಪಿಎಸ್‌ನ ದೀಪ ಲಾಕ್ ಆಗಿದೆ ಅಂತ ಮಿಟುಕುತ್ತಿರುತ್ತದೆ, ಟ್ರ್ಯಾಕರ್ ಮಾತ್ರ ಜಿಪಿಎಸ್ಸೇ ಇಲ್ಲ ಅನ್ನುತ್ತದೆ. ಕಾರಣ ಇಷ್ಟೇ: ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್‌ನಂಥ ಬೇರೆ ಉಪಗ್ರಹ ವ್ಯವಸ್ಥೆಗಳನ್ನೂ ಹಿಡಿಯುವ ಹೊಸ ಮಾಡ್ಯೂಲ್‌ಗಳು ಸಾಲನ್ನು ಜಿಎನ್‌ಆರ್‌ಎಂಸಿ ಅಂತ ಶುರು ಮಾಡುತ್ತವೆ. ಹಳೆ ಟ್ರ್ಯಾಕರ್ ಜಿಪಿಆರ್‌ಎಂಸಿ ಬರಲಿ ಅಂತಲೇ ಕಾಯುತ್ತಿರುತ್ತದೆ. ಒಂದಕ್ಷರದ ಜಗಳ. ಎಷ್ಟೋ ಮಾಡ್ಯೂಲ್‌ಗಳಲ್ಲಿ ಬರೀ ಜಿಪಿಎಸ್ ಇರಲಿ ಅಂತ ಸೆಟ್ ಮಾಡಿದರೆ ರಾಜಿಯಾಗುತ್ತದೆ. ಇದನ್ನು ಯಾವ ಮ್ಯಾಪ್ ನೋಡಿ ಹಿಡಿಯುತ್ತೀರಿ ಹೇಳಿ ನೋಡೋಣ.

ಪವರ್ ಏರಿಸಿದ ತಕ್ಷಣ ಕೈಕೊಡುವ ಟ್ರ್ಯಾಕರ್‌ಗಳೂ ಇವೆ. 5 ವ್ಯಾಟ್‌ನಲ್ಲಿ ಜಾಣ, 50ರಲ್ಲಿ ಕೋಮಾ. ಆಂಟೆನಾದಿಂದ ಹೊರಟ ಆರ್‌ಎಫ್, ಅಂದರೆ ರೇಡಿಯೋ ಅಲೆ, ತಂತಿಗಳ ಮೂಲಕ ಒಳಗೇ ನುಗ್ಗಿ ಅದನ್ನು ರೀಸೆಟ್ ಮಾಡಿರುತ್ತದೆ. ತಂತಿಗೆ ಫೆರೈಟ್ (ಆರ್‌ಎಫ್ ತಡೆಯುವ ಕಾಂತೀಯ ಮಣಿ) ಹಾಕಿ, ತಂತಿ ಗಿಡ್ಡ ಮಾಡಿ, ಡಬ್ಬಿಯನ್ನು ಆಂಟೆನಾದಿಂದ ದೂರ ಇಡಿ.

ನಿಜ ಹೇಳಬೇಕಂದ್ರೆ ನನ್ನ ಕೋಪಕ್ಕೆ ಇನ್ನೊಂದು ಕಾರಣವೂ ಇದೆ. ನನಗೆ ಮೈಕ್ ಹಿಡಿದು ಮಾತಾಡೋದು ಅಷ್ಟಕ್ಕಷ್ಟೇ. ಅದೇ ಹವಾಮಾನ, ಅದೇ ಸಿಗ್ನಲ್ ರಿಪೋರ್ಟ್, ಅದೇ ಮೊಣಕಾಲು ನೋವು. ಈ ಬ್ರ್ರ್ರಪ್ ಸದ್ದು ಕೇಳುತ್ತಾ ಕೂತರೆ ಮಾತ್ರ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಡಿಜಿಪೀಟರ್ 145.825ರಲ್ಲಿ ಚಾಲೂ ಇದ್ದಾಗ ಅದು ತಲೆ ಮೇಲೆ ಹಾಯುವಾಗ ಕೇಳಿ ನೋಡಿ. ಆ ಸದ್ದನ್ನು ಮ್ಯೂಟ್ ಮಾಡಿ ಮೊಬೈಲ್ ನೋಡೋರನ್ನು ಕಂಡರೆ ನನಗೆ ಹೇಗಾಗಬೇಡ?

ಟ್ರ್ಯಾಕರ್ ಸರಿ ಇಲ್ಲ ಅಂತ ಇನ್ನು ಮೇಲೆ ನನಗೆ ಮೆಸೇಜ್ ಮಾಡೋರು ದಯವಿಟ್ಟು ಖಾಲಿ ಮ್ಯಾಪಿನ ಸ್ಕ್ರೀನ್‌ಶಾಟ್ ಕಳಿಸಬೇಡಿ. ಇನ್ನೊಂದು ರೇಡಿಯೋದಲ್ಲಿ ನಿಮ್ಮ ಬೀಕನ್ ಹಿಡಿದು, ವೇವ್ ಫೈಲ್ ಮಾಡಿ ಕಳಿಸಿ. ವಾಯ್ಸ್ ನೋಟ್ ಬೇಡ, ಅದನ್ನು ಮಾತಿಗೆ ಅಂತ ಹಿಂಡಿರುತ್ತಾರೆ, ಟೋನ್ ಕೆಡುತ್ತದೆ. ಡೈರ್‌ವುಲ್ಫ್ ಜೊತೆ ಬರುವ ಎಟೆಸ್ಟ್ ಪ್ರೋಗ್ರಾಮಿಗೆ ಹಾಕಿ ನೋಡಿ ಹೇಳ್ತೀನಿ. ವೈಡ್7-7 ಹಾಕಿದವರ ಫೈಲ್ ಕೊನೆಗೆ ನೋಡ್ತೀನಿ.