ಎದುರಾಳಿ ಮಾತಾಡುವಾಗ ಎಲ್ಲಿರ್ತಾರೆ ಸ್ವಾಮಿ?

ಕ್ರಿಕೆಟ್ ಇಲ್ಲದ ದಿನ ನಾನು ಸದನದ ಲೈವ್ ನೋಡ್ತೀನಿ ಅಂದ್ರೆ ಜನ ನಗ್ತಾರೆ, ನಗಲಿ ಬಿಡಿ, ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರು ಸೀರಿಯಲ್ ನೋಡ್ತಾರೆ, ಕೆಲವರು ರಾತ್ರಿ ಒಂಬತ್ತರ ಡಿಬೇಟ್ ನೋಡಿ ಬಿಪಿ ಏರಿಸ್ಕೋತಾರೆ, ನಾನು ಸಂಸದ್ ಟಿವಿ ಹಾಕ್ಕೊಂಡು ಕೂರ್ತೀನಿ, ನಮ್ಮ ವಿಧಾನಸಭೆ ನಡೀತಿದ್ರೆ ಮೊಬೈಲಲ್ಲಿ ಅದನ್ನ. ವಿಚಾರದಲ್ಲಿ ನಾನು ಲಿಬರಲ್, ಅಂದ್ರೆ ನಮ್ಮ ಫ್ಯಾಮಿಲಿ ಗ್ರೂಪಿನ ಲೆಕ್ಕದಲ್ಲಿ ಗಂಜಿ ಗಿರಾಕಿ. ನಮ್ಮ ಭಾವ ಹಬ್ಬಕ್ಕೆ ಕರೆಯುವಾಗಲೂ "ಬಾರಯ್ಯ, ಇವತ್ತು ಗಂಜಿ ಅಲ್ಲ, ಹೋಳಿಗೆ" ಅಂತಾನೇ ಕರೀತಾರೆ. ಹೋಗಿ ಎರಡು ಜಾಸ್ತಿನೇ ತಿಂದು ಬರ್ತೀನಿ.

ಲೈವ್ ನೋಡೋದ್ರಲ್ಲಿ ಒಂದು ಗುಟ್ಟಿದೆ. ಮಾತಾಡೋರನ್ನ ನೋಡಬಾರದು, ಅವರ ಎದುರು ಕೂತಿರೋರನ್ನ ನೋಡಬೇಕು. ಮಾತು ಎಲ್ಲರಿಗೂ ಬರುತ್ತೆ, ಬರದೇ ಇದ್ದಿದ್ರೆ ಅಲ್ಲಿವರೆಗೆ ಬರ್ತಾನೇ ಇರ್ಲಿಲ್ಲ. ಆದ್ರೆ ಇನ್ನೊಬ್ಬ ಎದ್ದು ನಿಂತು ತನ್ನ ಸರ್ಕಾರದ ಮಾನ ಹರಾಜು ಹಾಕ್ತಿರುವಾಗ ಅಧಿಕಾರದಲ್ಲಿರೋರು ಏನು ಮಾಡ್ತಾರೆ, ಏನಾದ್ರೂ ಬರ್ಕೋತಾರಾ, ಪಕ್ಕದವರ ಕಿವೀಲಿ ಏನೋ ಹೇಳಿ ನಗ್ತಾರಾ, ಫೋನ್ ಒತ್ತುತಾರಾ, ಎದ್ದು ಹೋಗೇ ಬಿಡ್ತಾರಾ, ಇಲ್ಲ ಅಲ್ಲಿಗೆ ಬಂದೇ ಇರಲ್ವಾ. ಲೀಡರ್‌ಶಿಪ್ ಅನ್ನೋದ್ರಲ್ಲಿ ಅರ್ಧ ಪಾಲು ಇಷ್ಟೇ ಅಂತ ನನ್ನ ಅಭಿಪ್ರಾಯ, ಉಳಿದರ್ಧ ಫೈಲ್ ಓದೋದು.

ಕಷ್ಟ ಏನಂದ್ರೆ ಕ್ಯಾಮೆರಾ ನಮ್ಮ ಕೈಲಿಲ್ಲ. 2023ರ ಆಗಸ್ಟಲ್ಲಿ ಮಣಿಪುರದ ಹಿಂಸಾಚಾರದ ವಿಷಯಕ್ಕೆ ಮೋದಿ ಸರ್ಕಾರದ ವಿರುದ್ಧ ಅವಿಶ್ವಾಸ ನಿರ್ಣಯದ ಚರ್ಚೆ ನಡೆದಾಗ ರಾಹುಲ್ ಗಾಂಧಿ ಭಾಷಣದ ಬಹುಪಾಲು ಹೊತ್ತು ಸಂಸದ್ ಟಿವಿ ಸ್ಪೀಕರ್ ಓಂ ಬಿರ್ಲಾ ಮುಖಾನೇ ತೋರಿಸ್ತು ಅಂತ ಕಾಂಗ್ರೆಸ್‌ನವರು ನಿಮಿಷದ ಲೆಕ್ಕ ಸಮೇತ ದೂರಿದ್ರು. ಮದುವೆ ವಿಡಿಯೋದವನು ಹುಡುಗ ಹುಡುಗಿ ಬಿಟ್ಟು ಪುರೋಹಿತರನ್ನೇ ತೆಗೆದ ಹಾಗೆ. ಇನ್ನು ನಮ್ಮಲ್ಲಿ 2012ರಲ್ಲಿ ಸದನದೊಳಗೆ ಮೊಬೈಲಲ್ಲಿ ಅಶ್ಲೀಲ ವಿಡಿಯೋ ನೋಡ್ತಿದ್ದಾರೆ ಅಂತ ಖಾಸಗಿ ಚಾನೆಲ್ ಕ್ಯಾಮೆರಾ ತೋರಿಸಿದ ಮೇಲೆ ಮೂವರು ಬಿಜೆಪಿ ಮಂತ್ರಿಗಳು ರಾಜೀನಾಮೆ ಕೊಡಬೇಕಾಯ್ತು, ಅದು ಇಡೀ ದೇಶಕ್ಕೇ ಗೊತ್ತು. ಆ ಮೂವರಲ್ಲಿ ಒಬ್ಬರಾದ ಲಕ್ಷ್ಮಣ ಸವದಿ 2019ರಲ್ಲಿ ಉಪಮುಖ್ಯಮಂತ್ರಿ ಆದ್ರು, ಅದೂ ಎಲೆಕ್ಷನ್ ಸೋತ ಮೇಲೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಪೀಕರ್ ಆಗಿದ್ದ ಕಾಗೇರಿಯವರು ಖಾಸಗಿ ಚಾನೆಲ್‌ಗಳ ಕ್ಯಾಮೆರಾನೇ ಹೊರಗೆ ಹಾಕಿದ್ರು. ಬಿಜೆಪಿನ ನಾಲ್ಕು ಮಾತು ಬೈಯೋಣ ಅಂತ ಹೊರಟ್ರೆ ಸವದಿಯವರು 2023ರಲ್ಲಿ ಕಾಂಗ್ರೆಸ್ ಟಿಕೆಟಲ್ಲಿ ಅಥಣಿಯಿಂದ ಗೆದ್ದು ಬಂದಿದ್ದಾರೆ. ಈಗ ಯಾರನ್ನ ಬೈಯೋದು? ಲಿಬರಲ್ ವೀಕ್ಷಕನ ಪಾಡು ಹೀಗೆ.

ಆ ಮಣಿಪುರದ ಚರ್ಚೆಗೇ ಬರ್ತೀನಿ. ಪ್ರಧಾನಿ ಮೋದಿ ಎರಡು ಗಂಟೆಗಿಂತ ಜಾಸ್ತಿ ಮಾತಾಡಿದ್ರು, ಕಾಂಗ್ರೆಸ್ ಇತಿಹಾಸ, ಅದರ ಹೆಸರು, ಅದರ ಮೈತ್ರಿಕೂಟದ ಹೆಸರು, ಎಲ್ಲಾ ಆಯ್ತು, ಮಣಿಪುರದ ವಿಷಯ ಬರೋ ಹೊತ್ತಿಗೆ ಒಂದೂವರೆ ಗಂಟೆ ದಾಟಿತ್ತು. ಸರಿ, ಈಗಲಾದ್ರೂ ಬಂತಲ್ಲ ಅಂತ ಎದುರಿನ ಬೆಂಚುಗಳ ಕಡೆ ನೋಡಿದ್ರೆ ಖಾಲಿ, ವಿರೋಧ ಪಕ್ಷದವರು ಅಷ್ಟರಲ್ಲಿ ವಾಕ್‌ಔಟ್ ಮಾಡಿ ಹೋಗಿದ್ರು. ಹೇಳಬೇಕಾದವರು ತಡ ಮಾಡಿದ್ರು, ಕೇಳಬೇಕಾದವರು ಕಾಯಲಿಲ್ಲ. ನನಗೆ ಸಿಟ್ಟು ಜಾಸ್ತಿ ಬಂದಿದ್ದು ಮೊದಲನೆಯವರ ಮೇಲೇ, ಯಾಕಂದ್ರೆ ರಾಜ್ಯ ಹೊತ್ತಿ ಉರಿಯೋಕೆ ಶುರುವಾಗಿದ್ದು ಮೇ ತಿಂಗಳಲ್ಲಿ, ಪ್ರಧಾನಿ ಅಲ್ಲಿಗೆ ಕಾಲಿಟ್ಟಿದ್ದು 2025ರ ಸೆಪ್ಟೆಂಬರಲ್ಲಿ. ಆದ್ರೆ ಎದ್ದು ಹೋದವರಿಗೂ ನಾನು ಫುಲ್ ಮಾರ್ಕ್ಸ್ ಕೊಡಲ್ಲ.

ಎಲ್ಲಾ ದಿನಾನೂ ಹೀಗೇ ಅಂದ್ರೆ ಸುಳ್ಳಾಗುತ್ತೆ. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಬಿಲ್ ಬಂದ ರಾತ್ರಿ ನಾನು ನಿದ್ದೆಗೆಟ್ಟು ಕೂತಿದ್ದೆ. ಆ ಬಿಲ್ ನನಗೆ ಒಂಚೂರೂ ಹಿಡಿಸಲಿಲ್ಲ, ಇವತ್ತಿಗೂ ಇಲ್ಲ. ಆದ್ರೂ ಮಧ್ಯರಾತ್ರಿ ದಾಟಿದ್ರೂ ಜನ ಕೂತಿದ್ರು, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಟ್ರು, ಕೊನೇಲಿ ವೋಟು ಎಣಿಸಿದ್ರು, 288ಕ್ಕೆ 232. ನಮ್ಮ ಕಡೆ ಸೋತಿತು, ಆದ್ರೆ ಸೋತಿದ್ದು ಎಷ್ಟರಲ್ಲಿ ಅಂತಾನಾದ್ರೂ ಗೊತ್ತಾಯ್ತಲ್ಲ, ಬರೀ ಹೌದು-ಇಲ್ಲ ಅಂತ ಕೂಗಿಸಿ ಮುಗಿಸೋ ಧ್ವನಿಮತದಲ್ಲಿ ಅದೂ ಗೊತ್ತಾಗಲ್ಲ. ಇನ್ನೇನು ಟಿವಿ ಆಫ್ ಮಾಡ್ಬೇಕು, ಆಗ ಬಂತು ನೋಡಿ ಮಣಿಪುರದ ರಾಷ್ಟ್ರಪತಿ ಆಳ್ವಿಕೆಯ ನಿರ್ಣಯ, ರಾತ್ರಿ ಎರಡು ಗಂಟೆ ಆದ ಮೇಲೆ! ಸುಮಾರು ನಲವತ್ತು ನಿಮಿಷದಲ್ಲಿ ಮುಗಿದೇ ಹೋಯ್ತು. ಆ ರಾಜ್ಯದ ಹಣೆಬರಹವೇ ಅಷ್ಟು ಅಂತ ಕಾಣುತ್ತೆ, ಯಾವಾಗ ಬಂದ್ರೂ ಊಟ ಮುಗಿದ ಮೇಲೇ.

ಅದೇ ವರ್ಷ ಆಗಸ್ಟಲ್ಲಿ ಆನ್‌ಲೈನ್ ಗೇಮಿಂಗ್ ಬಿಲ್ಲು, ಲೋಕಸಭೆ ರಾಜ್ಯಸಭೆ ಎರಡೂ ಕಡೆ ಗದ್ದಲದ ಮಧ್ಯೆ ಎರಡೇ ದಿನದಲ್ಲಿ ಪಾಸು. ದುಡ್ಡು ಕಟ್ಟಿ ಆಡೋ ಆಟ ಬ್ಯಾನ್ ಆಗಿದ್ದು ನನಗೇನೂ ಬೇಜಾರಿಲ್ಲ, ಮನೆ ಹಾಳು ಮಾಡ್ಕೊಂಡವರು ಬೇಕಾದಷ್ಟು ಜನ ಇದಾರೆ, ಆದ್ರೆ ಅಷ್ಟು ದೊಡ್ಡ ವ್ಯವಹಾರ ರಾತ್ರೋರಾತ್ರಿ ನಿಲ್ಲಿಸುವಾಗ ಯಾರಾದ್ರೂ ಒಬ್ಬರು ಎದ್ದು ಒಂದು ಪ್ರಶ್ನೆ ಕೇಳಿ, ಮಂತ್ರಿಗಳು ಉತ್ತರ ಕೊಟ್ಟಿದ್ರೆ ಚೆನ್ನಾಗಿರ್ತಿತ್ತು.

ಈಗ ನಮ್ಮ ಮನೆ ಕಡೆ ಬರೋಣ. 2023ರಲ್ಲಿ ನಾನು ವೋಟು ಹಾಕಿದ ಪಕ್ಷ 135 ಸೀಟು ತಗೊಂಡು ಗೆದ್ದಿತು, ಅಮ್ಮನಿಗೆ ಬಸ್ಸು ಫ್ರೀ ಆಯ್ತು, ಅದಾದ ಮೇಲೆ ಅವರ ಮುಂದೆ ಸರ್ಕಾರದ ಬಗ್ಗೆ ಒಂದು ಮಾತಾಡೋ ಹಾಗಿಲ್ಲ. ಆದ್ರೂ ಹೇಳ್ತೀನಿ. 2025ರ ಮಾರ್ಚ್ 21ರಂದು ರಾಜಕಾರಣಿಗಳನ್ನ ಹನಿಟ್ರ್ಯಾಪ್ ಮಾಡಿದ್ದಾರೆ ಅನ್ನೋ ಆರೋಪದ ಗಲಾಟೇಲಿ ಬಿಜೆಪಿಯ 18 ಶಾಸಕರನ್ನ ಆರು ತಿಂಗಳು ಸಸ್ಪೆಂಡ್ ಮಾಡಿ ಮಾರ್ಷಲ್‌ಗಳ ಕೈಲಿ ಎತ್ತಿಸಿ ಹೊರಗೆ ಹಾಕಿಸಿದ್ರು. ಪೇಪರ್ ಹರಿದು ಪೀಠದ ಕಡೆ ಎಸೆದಿದ್ದು ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ಅದೇ ದಿನ ಅದೇ ಗದ್ದಲದಲ್ಲಿ ಸಂಬಳ ಜಾಸ್ತಿ ಮಾಡೋ ಬಿಲ್ಲೂ ಪಾಸಾಯ್ತು, ಶಾಸಕರಿಗೆ 40 ಸಾವಿರ ಇದ್ದಿದ್ದು 80 ಸಾವಿರ, ಮುಖ್ಯಮಂತ್ರಿಗೆ 75 ಸಾವಿರ ಇದ್ದಿದ್ದು ಒಂದೂವರೆ ಲಕ್ಷ. ಅದಕ್ಕೂ ಚರ್ಚೆ ಇಲ್ಲ. 2023ರ ಡಿಸೆಂಬರಲ್ಲಿ ದೆಹಲಿಯಲ್ಲಿ 146 ಎಂಪಿಗಳನ್ನ ಸಸ್ಪೆಂಡ್ ಮಾಡಿದಾಗ ಪ್ರಜಾಪ್ರಭುತ್ವದ ಕಗ್ಗೊಲೆ ಅಂತ ಸ್ಟೇಟಸ್ ಹಾಕಿದ್ದ ನಮ್ಮ ಫ್ರೆಂಡ್ಸ್ ಯಾರೂ ಅವತ್ತು ಆನ್‌ಲೈನಲ್ಲೇ ಇರ್ಲಿಲ್ಲ. ಭಾವ ಮಾತ್ರ ಇದ್ರು. ಒಂದೇ ಒಂದು ನಗೋ ಇಮೋಜಿ ಕಳ್ಸಿದ್ರು, ಅದಕ್ಕೆ ಉತ್ತರ ಇನ್ನೂ ಹುಡುಕ್ತಿದ್ದೀನಿ.

ಚಿನ್ನಸ್ವಾಮಿ ಸ್ಟೇಡಿಯಂ ಹತ್ರ ಕಾಲ್ತುಳಿತದಲ್ಲಿ 11 ಜನ ಸತ್ತರಲ್ಲ, 2025ರ ಆಗಸ್ಟಲ್ಲಿ ವಿಧಾನಸಭೇಲಿ ಅದರ ಚರ್ಚೆ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಉತ್ತರ ಕೊಡ್ತಾ ಕೊಡ್ತಾ ವಿರೋಧ ಪಕ್ಷದ ನಾಯಕ ಆರ್.ಅಶೋಕ್ ಜೊತೆ ಕಿಚಾಯಿಸಾಟಕ್ಕೆ ಇಳಿದು ಆರೆಸ್ಸೆಸ್ ಪ್ರಾರ್ಥನೆಯ ಸಾಲು ಹೇಳಿಬಿಟ್ರು, ಬಿಜೆಪಿಯವರು ಮೇಜು ಕುಟ್ಟಿದ್ರು, ಕಾಂಗ್ರೆಸ್ ಬೆಂಚುಗಳು ಗಪ್‌ಚುಪ್. ಆಮೇಲೆ ನಾಲ್ಕೈದು ದಿನ ಆ ಸಾಲಿನದೇ ಚರ್ಚೆ, ಕೊನೆಗೆ ಅವರು ಕ್ಷಮೆ ಕೇಳೋವರೆಗೂ. ಆ 11 ಜನರ ಮನೆಯವರು ಅವತ್ತು ಟಿವಿ ಮುಂದೆ ಕೂತಿದ್ರೋ ಇಲ್ವೋ.

ವರ್ಷದ ಕೊನೆಗೆ ಸಿಎಂ ಕುರ್ಚಿ ವಿಷಯ ಬಿಸಿ ಏರಿ ಸಿದ್ದರಾಮಯ್ಯನವರ ಮನೇಲಿ ಒಂದು ಬ್ರೇಕ್‌ಫಾಸ್ಟು, ಡಿಕೆಶಿ ಮನೇಲಿ ಇನ್ನೊಂದು ಬ್ರೇಕ್‌ಫಾಸ್ಟು, ನಾಟಿಕೋಳಿ ಸಾರಿನ ಸಮೇತ. ಚಾನೆಲ್‌ನವರು ಇಡ್ಲಿ ಎಷ್ಟು ತಿಂದ್ರು ಅಂತ ಎಣಿಸೋದೊಂದು ಬಾಕಿ. ಅದೇ ಡಿಸೆಂಬರಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆಯೋ ಬಿಲ್ ಪಾಸಾಯ್ತು, ಅದೂ ಗದ್ದಲದಲ್ಲೇ. ಏಳು ವರ್ಷದವರೆಗೆ ಜೈಲು ಅಂತಾರೆ ಅದರಲ್ಲಿ. ದ್ವೇಷ ಕಾರೋರಿಗೆ ಲಗಾಮು ಬೇಕು, ಒಪ್ತೀನಿ, ಕರಾವಳಿ ಕಡೆ ಏನೇನಾಗಿದೆ ಅಂತ ನೋಡಿದ್ದೀವಲ್ಲ, ಆದ್ರೆ ಯಾವುದು ದ್ವೇಷ ಯಾವುದು ಟೀಕೆ ಅಂತ ಮೊದಲು ತೀರ್ಮಾನ ಮಾಡೋರು ಸ್ಟೇಷನ್ನಿನ ಇನ್‌ಸ್ಪೆಕ್ಟರ್, ನಾಳೆ ಇನ್ನೊಂದು ಸರ್ಕಾರ ಬಂದ್ರೆ ಆ ಲಾಠಿ ಯಾರ ಬೆನ್ನಿಗೆ? ಲಿಬರಲ್ ಆದವನು ಮೊದಲು ಕೇಳಬೇಕಾದ ಪ್ರಶ್ನೆ ಇದು, ಸದನದಲ್ಲಿ ಗಂಟೆಗಟ್ಟಲೆ ಕೇಳಬೇಕಿತ್ತು. ಬಿಜೆಪಿಯವರು ಸದನದ ಬಾವಿಗೆ, ಅಂದ್ರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ, ಇಳಿದು ಕೂಗ್ತಿದ್ರು, ಕಾಂಗ್ರೆಸ್‌ನವರಿಗೆ ಅದೇ ಅನುಕೂಲ ಆಯ್ತು.

ಸ್ಪೀಕರ್ ಖಾದರ್ ಅವರು ಪ್ರಯತ್ನ ಪಡಲಿಲ್ಲ ಅನ್ನೋ ಹಾಗಿಲ್ಲ ಮತ್ತೆ. ಊಟ ಆದ ಮೇಲೆ ಶಾಸಕರು ಮನೆಗೆ ಓಡಿ ಹೋಗಬಾರದು ಅಂತ ರಿಕ್ಲೈನರ್ ಕುರ್ಚಿ ಬಾಡಿಗೆಗೆ ತರಿಸಿದ್ರು, ಅಲ್ಲೇ ಒಂದು ಕೋಳಿನಿದ್ದೆ ತೆಗೆದು ವಾಪಸ್ ಬನ್ನಿ ಅಂತ. ಜನ ಆಡ್ಕೊಂಡು ನಕ್ಕರು, ನನಗೇನೋ ಐಡಿಯಾ ಸರಿ ಅನ್ನಿಸ್ತು. ಅದಕ್ಕೂ ಮುಂಚೆ, 2024ರಲ್ಲಿ, ಯಾರು ಎಷ್ಟೊತ್ತಿಗೆ ಒಳಗೆ ಬಂದ್ರು ಎಷ್ಟೊತ್ತಿಗೆ ಹೋದ್ರು ಅಂತ ಲೆಕ್ಕ ಇಡೋ ಎಐ ಕ್ಯಾಮೆರಾನೂ ಹಾಕಿಸಿದ್ರು. ನನ್ನದೊಂದೇ ಬೇಡಿಕೆ, ಆ ಲೆಕ್ಕನ ಕ್ಷೇತ್ರವಾರು ಪೇಪರಲ್ಲಿ ಹಾಕಿ, ಮಂತ್ರಿಗಳದ್ದೂ ವಿರೋಧ ಪಕ್ಷದ ನಾಯಕರದ್ದೂ ಸೇರಿಸಿ ಹಾಕಿ. ಲೋಕಸಭೆಯಲ್ಲಂತೂ ಮಾಮೂಲಿ ಎಂಪಿಗಳು ಹಾಜರಿ ಹಾಕಬೇಕು, ಪ್ರಧಾನಿ, ಮಂತ್ರಿಗಳು, ವಿರೋಧ ಪಕ್ಷದ ನಾಯಕರು, ಇವರ್ಯಾರೂ ಹಾಕಬೇಕಾಗಿಲ್ಲ. ಯಾರ ಹಾಜರಿ ನೋಡೋಕೆ ನಾನು ಟಿವಿ ಹಾಕ್ತೀನೋ ಅವರದ್ದೇ ಅಲ್ಲಿ ರಿಜಿಸ್ಟರಲ್ಲಿ ಇಲ್ಲ.