ಬೆಲ್ಲ-ನೀರು ಮತ್ತು ಒಂದು ಕಂತೆ ಬೇರು

ದೀಪಾವಳಿಗೆ ಗದಗಿಗೆ ಬಂದಾಗ ಬೆಟಗೇರಿಯ ಕಾಕಾ ಮೊದಲು ಕೇಳಿದ್ದು, "ದೋಣಿ ಎಲ್ಲಿ ಬಿಟ್ಟು ಬಂದ್ಯೋ?" ಫಿಜಿಯಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಅಲ್ಲಿಯ ವುಡಾ ಮರೀನಾದಲ್ಲಿ ನೆಲಕ್ಕೆ ಗುಂಡಿ ತೋಡಿ, ಹಾಯಿದೋಣಿಯ ಅಡಿಭಾಗ ಅದರೊಳಗೆ ಇಳಿಸಿ, ಸುತ್ತ ಹಳೇ ಟೈರು ಕೊಟ್ಟು ಬಿಗಿದು ಕಟ್ಟುತ್ತಾರೆ ಎಂದೆ. "ಅಂದ್ರ ಹಗೇವು," ಎಂದರು ಕಾಕಾ. ನೆಲದೊಳಗೆ ಜೋಳ ತುಂಬಿಡುವ ಹಗೇವಿಗೆ ಇಳಿದು ಬೆಳೆದವರು, ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

ನಾವಿರುವುದು ಆಕ್ಲೆಂಡಿನಲ್ಲಿ. ಮೇ ತಿಂಗಳಲ್ಲಿ ನಾನೂ ಹೆಂಡತಿಯೂ 38 ಅಡಿಯ ದೋಣಿ ಹತ್ತಿ, ಸುಮಾರು 1,100 ನಾಟಿಕಲ್ ಮೈಲಿ ದಾಟಿ ಫಿಜಿ ಸೇರಿದೆವು. ಆಮೇಲಿನ ಐದು ತಿಂಗಳು ದೋಣಿಯೇ ಮನೆ. 300 ಲೀಟರ್ ನೀರಿನಲ್ಲಿ ಹೇಗೆ ನಿಭಾಯಿಸಿದಿರಿ ಎಂದು ಆಕ್ಲೆಂಡಿನ ಗೆಳೆಯರಿಗೆ ಅಚ್ಚರಿ. ನಳ ಬಂದ ದಿನ ಕೊಡ, ಬಕೆಟ್, ಬೋಗುಣಿ ಎಲ್ಲ ತುಂಬಿಟ್ಟು ಮುಂದಿನ ಸರದಿಯವರೆಗೆ ಕಾದವರನ್ನು ಇದು ಕೇಳುವ ಮಾತೇ?

ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಫಿಜಿಯ ಯಸಾವಾ ದ್ವೀಪಗಳಲ್ಲಿ ಯಾವುದೇ ಊರ ಮುಂದೆ ಲಂಗರು ಹಾಕಿದರೂ ತಕ್ಷಣ ಈಜುವಂತಿಲ್ಲ, ಗಾಳ ಬಿಡುವಂತಿಲ್ಲ. ದಂಡೆಯ ಮುಂದಿನ ನೀರು, ಹವಳದ ದಿಬ್ಬ, ಮೀನು ಎಲ್ಲ ರೂಢಿಯಂತೆ ಆ ಊರಿನವೇ. ಮೊದಲು 'ಸೆವುಸೆವು', ಅಂದರೆ ಕಾಣಿಕೆ ಇಟ್ಟು ಊರಿನ ಒಪ್ಪಿಗೆ ಕೇಳುವ ಶಾಸ್ತ್ರ ಆಗಬೇಕು. ಹಳೇ ಪೇಪರಿನಲ್ಲಿ ಸುತ್ತಿ ರಿಬ್ಬನ್ ಕಟ್ಟಿದ ಅರ್ಧ ಕಿಲೋ ಯಂಗೋನ (ಕಾವಾ) ಬೇರನ್ನು ಸಂತೆಯಲ್ಲೇ ಕೊಂಡಿಟ್ಟುಕೊಂಡಿದ್ದೆವು. ಲುಂಗಿಯಂಥ ಸುಲು ಉಟ್ಟು, ಟೊಪ್ಪಿಗೆ, ಕಪ್ಪು ಕನ್ನಡಕ ತೆಗೆದು, ಚೀಲ ಹೆಗಲಿನಿಂದ ಇಳಿಸಿ ಹೋದೆವು. ಬೇರನ್ನು ಕೈಗೆ ಕೊಡಬಾರದು, ಹಿರಿಯರ ಮುಂದೆ ಚಾಪೆಯ ಮೇಲೆ ಇಡಬೇಕು. ಅವರು ಎತ್ತಿಕೊಂಡರೆ ಒಪ್ಪಿಗೆ. ಎತ್ತಿಕೊಳ್ಳುವವರೆಗಿನ ಆ ಅರ್ಧ ನಿಮಿಷ ಇದೆಯಲ್ಲ, ಹೆಣ್ಣು ಕೇಳಲು ಹೋದ ಮನೆಯಲ್ಲಿ ಕೂತ ಹಾಗೆ! ಆಮೇಲೆ ಬೇರು ಕುಟ್ಟಿ ಕದಡಿದ ನೀರು ತೆಂಗಿನ ಚಿಪ್ಪಿನಲ್ಲಿ ಬರುತ್ತದೆ. ಒಂದು ಚಪ್ಪಾಳೆ, ಒಂದೇ ಗುಟುಕು, ಮೂರು ಚಪ್ಪಾಳೆ. ರುಚಿ ಕೆರೆಯ ರಾಡಿಯದ್ದು. ನಾಲಿಗೆ ಮರಗಟ್ಟುತ್ತದೆ. ಅಲ್ಲಿಂದ ಮುಂದೆ ನೀವು ಆ ಊರಿನ ಜವಾಬ್ದಾರಿ.

ನಮ್ಮದು ಇದಕ್ಕೆ ಉಲ್ಟಾ. ಹೊಸ್ತಿಲು ದಾಟಿದವರಿಗೆ ಮೊದಲು ತಂಬಿಗೆ ನೀರು, ಬೆಲ್ಲ. ಯಾರು, ಎತ್ತ ಎಂಬುದು ಆಮೇಲೆ. ಬಂದವರು ಏನನ್ನೂ ತರಬೇಕಿಲ್ಲ, ಕೇಳಬೇಕಿಲ್ಲ. ಇದೇ ದೊಡ್ಡತನ ಎಂದು ಇಷ್ಟು ವರ್ಷ ಪರದೇಶದವರ ಮುಂದೆ ಕೊಚ್ಚಿಕೊಂಡಿದ್ದೇನೆ. ಈಗ ಅಷ್ಟು ಧೈರ್ಯವಿಲ್ಲ. ಲಕ್ಕುಂಡಿಯಲ್ಲಿ ನಮ್ಮ ಅತ್ತೆಯ ಮನೆ ಗುಡಿಗಳ ಓಣಿಯಲ್ಲೇ ಇದೆ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ನೋಡಲು ಬಂದವರು ಹಾಗೇ ಮುಂದುವರಿದು ಅತ್ತೆಯ ಪಡಸಾಲೆಗೂ ನುಗ್ಗುತ್ತಾರೆ, ಒಲೆಯ ಮುಂದೆ ರೊಟ್ಟಿ ಬಡಿಯುವ ಮುದುಕಿಯ ಮುಖಕ್ಕೆ ಮೊಬೈಲ್ ಹಿಡಿಯುತ್ತಾರೆ. ಅವರಲ್ಲಿ ಹೆಚ್ಚಿನವರು ನಮ್ಮವರೇ, ಕನ್ನಡ ಮಾತಾಡುವವರೇ. ಫಿಜಿಯಲ್ಲಿ ಈ ಆಟ ನಡೆಯದು.

ಹಾಗಂತ ಕೇಳಿ ಒಳಬರುವ ಪದ್ಧತಿಗೆ ಇನ್ನೊಂದು ಮುಖ ಇಲ್ಲವೆಂದಲ್ಲ. ಲೌಟೋಕಾ ಸಂತೆಯಲ್ಲಿ ನಮಗೆ ಬೇರು ಮಾರಿದವರು ಗಿರಮಿಟಿಯರ, ಅಂದರೆ ಕರಾರಿನ ಮೇಲೆ ಬಂದ ಕೂಲಿಗಳ ಮರಿಮಗ. 1879ರಿಂದ 1916ರವರೆಗೆ ಬ್ರಿಟಿಷರು ಭಾರತದಿಂದ ಸುಮಾರು 60 ಸಾವಿರ ಜನರನ್ನು ಕಬ್ಬಿನ ಹೊಲಗಳಿಗೆ ಸಾಗಿಸಿದರು. ಫಿಜಿಯ ನೆಲದಲ್ಲಿ ಶೇ 87ರಷ್ಟು ಮೂಲನಿವಾಸಿಗಳದ್ದು, ಅದನ್ನು ಮಾರುವಂತಿಲ್ಲ. ಹೀಗಾಗಿ ಇವರ ಮನೆತನ ಇಂದಿಗೂ ಲೀಸಿನ ಹೊಲದಲ್ಲೇ ಇದೆ. ನೀವು ಅರ್ಧ ಕಿಲೋ ಬೇರು ಕೊಟ್ಟು ಒಂದೇ ಮಧ್ಯಾಹ್ನ ಊರವರಾಗುತ್ತೀರಿ, ನಾವು ನಾಲ್ಕು ತಲೆಮಾರಿನಿಂದ ಬಾಡಿಗೆಯವರು ಎಂದು ನಕ್ಕರು. ನಾನು ಸುಮ್ಮನೆ ಚಿಲ್ಲರೆ ಎಣಿಸಿ ಕೊಟ್ಟೆ.

ಹಬ್ಬದ ಮರುದಿನ ಲಕ್ಕುಂಡಿಗೆ ಹೋದಾಗ ಅತ್ತೆಗೆ ಇದನ್ನೆಲ್ಲ ಹೇಳಿ, ಬಾಗಿಲಿಗೆ 'ಕೇಳಿ ಒಳಗೆ ಬನ್ನಿ' ಎಂದು ಒಂದು ಬೋರ್ಡು ಬರೆಸಿ ಹಾಕೋಣವೇ ಎಂದೆ. ಆಕೆ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಅಂದಳು, "ಫೋಟೋ ಹೊಡ್ಕೊಂಡ್ರ ನಂದೇನ್ ಹೊಕ್ಕೈತೋ? ಬಿಸಿ ರೊಟ್ಟಿ ಐತಿ, ತಿನ್ರೆಪಾ ಅಂದ್ರ ಒಲ್ಲೆ ಅಂತ ಹೋಗ್ತಾರಲ್ಲ, ಸಿಟ್ಟು ಬರೋದು ಅದಕ್ಕ."